ನಿಮಗಿದು ಗೊತ್ತೇ? ಬೆಳಗಿನ ಮೊದಲ ಸ್ಟಾರ್ಟ್‌ಗೆ ಸ್ಕ್ಯಾನರ್ ಹಾಕಿದರೆ...

ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮಾತ್ರ ಅದುರಿ, ಮಿಸ್ಸಿಂಗ್ ಹೊಡೆದು, ಎರಡು ನಿಮಿಷದಲ್ಲಿ ಸರಿಹೋಗುವ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋದರೆ ಅಲ್ಲಿ ಏನೂ ಸಿಗುವುದಿಲ್ಲ. ತಲುಪುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ರೋಗಲಕ್ಷಣವೇ ಮಾಯ. ಕೆಲಸ ಗೊತ್ತಿರುವ ಮೆಕ್ಯಾನಿಕ್ ‘ಗಾಡಿ ರಾತ್ರಿ ಇಲ್ಲೇ ಇರಲಿ ಸಾರ್, ಬೆಳಗ್ಗೆ ನೋಡ್ತೀನಿ’ ಅನ್ನುವುದು ಇದಕ್ಕೇ. ಸಬೂಬು ಹೇಳುತ್ತಿದ್ದಾನೆ ಅಂದುಕೊಳ್ಳಬೇಡಿ.

ರಾತ್ರಿಯಿಡೀ ನಿಂತ ಕಾರಿನಲ್ಲಿ ಎರಡು ಸೆನ್ಸರ್‌ಗಳು ಹೆಚ್ಚುಕಡಿಮೆ ಒಂದೇ ಉತ್ತರ ಕೊಡಬೇಕು. ಒಂದು ಕೂಲೆಂಟ್‌ನ ಉಷ್ಣತೆ ಅಳೆಯುವುದು, ಇನ್ನೊಂದು ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯದು. ಎಂಟು-ಹತ್ತು ಗಂಟೆ ನಿಂತರೆ ಎರಡೂ ಹೊರಗಿನ ಹವೆಯ ಮಟ್ಟಕ್ಕೆ ಇಳಿದಿರುತ್ತವೆ. ಹಾಸನದಲ್ಲಿ ಬೆಳಗಿನ ಜಾವ 17 ಡಿಗ್ರಿ ಇದ್ದರೆ ಸ್ಕ್ಯಾನರ್‌ನಲ್ಲೂ ಎರಡೂ 17ರ ಆಸುಪಾಸಿನಲ್ಲೇ ಇರಬೇಕು. ನಾಲ್ಕೈದು ಡಿಗ್ರಿ ಹಿಂದೆಮುಂದೆ ಆದರೆ ಚಿಂತೆಯಿಲ್ಲ. ಗಾಳಿ 18, ಕೂಲೆಂಟ್ 41 ಎಂದು ಬಂತೋ, ಸೆಲ್ಫ್ ಹೊಡೆಯುವ ಮುನ್ನವೇ ಕಳ್ಳ ಸಿಕ್ಕಿಬಿದ್ದ. ಎಂಜಿನ್ ಬೆಚ್ಚಗಿದೆ ಎಂದು ನಂಬಿದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಕಡಿಮೆ ಬಿಡುತ್ತದೆ. ತಣ್ಣಗಿರುವ ಎಂಜಿನ್ ಅಷ್ಟರಲ್ಲಿ ಬದುಕಲಾರದೆ ಕೆಮ್ಮುತ್ತದೆ. ಇಗ್ನಿಷನ್ ಆನ್ ಮಾಡಿ ಎರಡು ಅಂಕಿ ಓದಿದರೆ ಮುಗಿಯಿತು. ನನ್ನ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಆದರೂ ಎಷ್ಟೋ ಕಡೆ ಇದನ್ನು ಬಿಟ್ಟು ನೇರ ಪ್ಲಗ್ ಬದಲಿಸಲು ಕೈಹಾಕುತ್ತಾರೆ.

ಕೂಲೆಂಟ್ -40 ಡಿಗ್ರಿ ಎಂದು ಸ್ಕ್ಯಾನರ್ ತೋರಿಸಿದರೆ ಬೆಚ್ಚಬೇಡಿ, ವೈರ್ ಹುಡುಕಿ. ಕಾರು ಸ್ಕ್ಯಾನರ್ ಜೊತೆ ಮಾತಾಡುವ ಓಬಿಡಿ ಭಾಷೆಯಲ್ಲಿ ಉಷ್ಣತೆ ಬರುವುದು 0ಯಿಂದ 255ರವರೆಗಿನ ಒಂದು ಅಂಕಿಯಾಗಿ. ಅದರಿಂದ 40 ಕಳೆದದ್ದೇ ಡಿಗ್ರಿ ಲೆಕ್ಕ. ಹಾಗಾಗಿ ಈ ಭಾಷೆಯಲ್ಲಿ ಹೇಳಬಹುದಾದ ಅತಿ ಕಡಿಮೆ ಉಷ್ಣತೆಯೇ -40. ಸೆನ್ಸರ್ ವೈರ್ ತುಂಡಾದಾಗ ಅಂಕಿ ಸಾಮಾನ್ಯವಾಗಿ ಅಲ್ಲಿಗೆ ಹೋಗಿ ಕೂರುತ್ತದೆ. ನಮ್ಮಲ್ಲಿ ಇದಕ್ಕೆ ದೊಡ್ಡ ಕಾರಣ ಬಾನೆಟ್ ಕೆಳಗೆ ಬೆಚ್ಚಗೆ ಮಲಗಲು ಬರುವ ಇಲಿ. (ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದಾಗುವುದು ಇದೇ -40ರಲ್ಲಿ. ಸ್ಕ್ಯಾನರ್ ಯಾವ ಅಳತೆಯಲ್ಲಿದ್ದರೂ ವ್ಯತ್ಯಾಸವಿಲ್ಲ.)

ಬೆಳಗಿನ ಪರೀಕ್ಷೆ ಪಾಸಾದ ಮಾತ್ರಕ್ಕೆ ಕೂಲೆಂಟ್ ಸೆನ್ಸರ್‌ಗೆ ಪೂರ್ತಿ ಕ್ಲೀನ್ ಚಿಟ್ ಸಿಗುವುದಿಲ್ಲ. ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ ಹೆಚ್ಚು, ಬಿಸಿಯಾದಾಗ ಕಡಿಮೆ: ಸಾಮಾನ್ಯವಾಗಿ ಬಳಸುವ ಒಂದು ಬಗೆಯಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 90 ಡಿಗ್ರಿಗೆ 250ರ ಹತ್ತಿರ. ಕನೆಕ್ಟರ್‌ನಲ್ಲಿ ಹಸಿರು ಕಿಲುಬು ಹಿಡಿದು ಇನ್ನೊಂದು 250 ಓಮ್ ಸೇರಿಕೊಂಡಿತು ಅನ್ನಿ. ಬೆಳಗ್ಗೆ ಆಗುವ ತಪ್ಪು ಎರಡು ಡಿಗ್ರಿಯಷ್ಟು, ಯಾರಿಗೂ ಕಾಣುವುದಿಲ್ಲ. ಎಂಜಿನ್ ಬಿಸಿಯಾದ ಮೇಲೆ ರೆಸಿಸ್ಟೆನ್ಸ್ ದುಪ್ಪಟ್ಟಾಗಿ, 90 ಡಿಗ್ರಿಯ ಎಂಜಿನ್ 65ರ ಆಸುಪಾಸಿನದಾಗಿ ಕಾಣುತ್ತದೆ. ಆಗ ಪೆಟ್ರೋಲ್ ಸುಮ್ಮನೆ ಪೋಲು.

ತಣ್ಣನೆಯ ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಯಾಕೆ? ಉರಿಯುವುದು ಪೆಟ್ರೋಲ್ ಆವಿ, ದ್ರವವಲ್ಲ. ಇಂಜೆಕ್ಟರ್ ಸಿಂಪಡಿಸಿದ್ದರಲ್ಲಿ ಒಂದು ಪಾಲು ತಣ್ಣನೆಯ ಇನ್‌ಟೇಕ್ ಗೋಡೆಗೇ ಅಂಟಿಕೊಳ್ಳುತ್ತದೆ. ಆ ನಷ್ಟ ತುಂಬಲು ಹೆಚ್ಚು ಸುರಿಯಬೇಕು. ಹಿಂದೆ ಚೋಕ್ ಎಳೆಯುತ್ತಿದ್ದುದೂ ಇದಕ್ಕೆ. 1967ರಲ್ಲಿ ಬಾಷ್ ತಂದ ಡಿ-ಜೆಟ್ರಾನಿಕ್‌ನಂಥ ಮೊದಲ ಎಲೆಕ್ಟ್ರಾನಿಕ್ ಇಂಜೆಕ್ಷನ್ ವ್ಯವಸ್ಥೆಗಳಲ್ಲಿ ಚಳಿಯ ಸ್ಟಾರ್ಟ್‌ಗೆಂದೇ ಪ್ರತ್ಯೇಕ ಇಂಜೆಕ್ಟರ್ ಇಡುತ್ತಿದ್ದರು.

ಇನ್‌ಟೇಕ್ ವಾಲ್ವ್ ಮೇಲೆ ದಪ್ಪ ಕಾರ್ಬನ್ ಕೂತಿದ್ದರೆ ಅದು ಸ್ಪಂಜಿನಂತೆ ಮೊದಲ ಸಿಂಪಡಣೆಯನ್ನೆಲ್ಲ ಕುಡಿದುಬಿಡುತ್ತದೆ. ಬಿಸಿಯಾದ ಮೇಲೆ ತೊಂದರೆ ಇಲ್ಲ, ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಕೂಡ ಬರದೇ ಇರಬಹುದು.

ಸ್ಟಾರ್ಟ್ ಆದ ಕೂಡಲೇ ಆರ್‌ಪಿಎಂ 1,200-1,500ಕ್ಕೆ ಏರಿ ಮೆಲ್ಲನೆ ಇಳಿಯುವುದು ರೋಗವಲ್ಲ. ಸ್ಕ್ಯಾನರ್‌ನಲ್ಲಿ ಆ ಹೊತ್ತು ಇಗ್ನಿಷನ್ ಟೈಮಿಂಗ್ ನೋಡಿ: ಬೇಕೆಂದೇ ತಡವಾಗಿ ಕಿಡಿ ಹೊಡೆಯುತ್ತಿರುತ್ತದೆ. ಬೆಂಕಿ ತಡವಾಗಿ ಹತ್ತಿದರೆ ಶಾಖ ಸೈಲೆನ್ಸರ್ ಕಡೆಗೆ ಹೋಗುತ್ತದೆ. ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರುಮಾಡಲು ಸುಮಾರು 250-300 ಡಿಗ್ರಿ ಬಿಸಿಯಾಗಬೇಕು. ಈ ಅರ್ಧ-ಒಂದು ನಿಮಿಷದ ಗಡುಸು ಸದ್ದು ಕೇಳಿ ‘ಎಂಜಿನ್ ಹೋಯಿತು’ ಎಂದು ಗಾಬರಿಬಿದ್ದು ಹೊಸ ಕಾರನ್ನು ಸರ್ವಿಸ್‌ಗೆ ಒಯ್ಯುವವರು ಕಡಿಮೆಯಿಲ್ಲ.

ಮೊದಲ ಅರ್ಧ ನಿಮಿಷ ಇಸಿಯು ಕಣ್ಣುಮುಚ್ಚಿ ಅಡುಗೆ ಮಾಡುತ್ತಿರುತ್ತದೆ. ಹೊಗೆಯ ರುಚಿ ನೋಡಿ ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳಬೇಕಾದ ಆಕ್ಸಿಜನ್ ಸೆನ್ಸರ್ 300 ಡಿಗ್ರಿ ದಾಟದೆ ಬಾಯಿಬಿಡುವುದಿಲ್ಲ. ಅಲ್ಲಿಯವರೆಗೆ ಸ್ಕ್ಯಾನರ್ ‘ಓಪನ್ ಲೂಪ್’ ಎಂದು ತೋರಿಸುತ್ತದೆ, ಆಮೇಲೆ ‘ಕ್ಲೋಸ್ಡ್ ಲೂಪ್’. ಅದುರುವಿಕೆ ನಿಲ್ಲುವ ಕ್ಷಣ ಮತ್ತು ಲೂಪ್ ಬದಲಾಗುವ ಕ್ಷಣ ಒಂದೇ ಆದರೆ ಅದು ಒಳ್ಳೆಯ ಸುಳಿವು: ಮಿಶ್ರಣ ತಪ್ಪಿತ್ತು, ಸೆನ್ಸರ್ ಕಣ್ಣು ಬಿಟ್ಟು ತಿದ್ದಿತು. ಲೂಪ್ ಬದಲಾದ ಮೇಲೂ ಅದುರುತ್ತಿದ್ದರೆ ಕಿಡಿ, ಕಂಪ್ರೆಷನ್ ಕಡೆ ತಿರುಗಿ.

ಈ ಆಕ್ಸಿಜನ್ ಸೆನ್ಸರ್ ಮೊದಲು ರಸ್ತೆಗಿಳಿದದ್ದು 1976ರಲ್ಲಿ, ಅಮೆರಿಕಕ್ಕೆಂದು ತಯಾರಾದ ವೋಲ್ವೊ ಕಾರುಗಳಲ್ಲಿ. ಮಾಡಿದ್ದು ಬಾಷ್. ಇಸಿಯುಗಳು ಪರಸ್ಪರ ಮಾತಾಡಲು ಬಳಸುವ ಕ್ಯಾನ್ ಬಸ್ ಕೂಡ ಅವರದೇ, 1986ರದ್ದು. ಬೆಂಗಳೂರಿನವರಿಗೆ ಈ ಕಂಪನಿ ಮೈಕೋ ಎಂದರೇ ಪರಿಚಯ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಪ್ಲಗ್ಗು, ಡೀಸೆಲ್ ಪಂಪು ಮಾಡಿದ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಮೈಕೋ ಬಡಾವಣೆಯ ಹೆಸರು ಮಾತ್ರ ಹಾಗೇ ಉಳಿದಿದೆ.

ಫ್ಯುಯೆಲ್ ಟ್ರಿಮ್ ಎನ್ನುವುದು ಇಸಿಯು ಬರೆದಿಟ್ಟ ಸಾಲದ ಲೆಕ್ಕ. ಕಂಪನಿ ಹಾಕಿಕೊಟ್ಟ ಅಂದಾಜಿಗಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಬಿಡಬೇಕಾಗಿ ಬಂತು ಎಂಬುದು ಅದರಲ್ಲಿರುತ್ತದೆ. ಶಾರ್ಟ್ ಟರ್ಮ್ ಈ ಕ್ಷಣದ್ದು, ಲಾಂಗ್ ಟರ್ಮ್ ಹಳೆಯ ಬಾಕಿ. ಎರಡನ್ನೂ ಕೂಡಿಸಿ ಓದಬೇಕು. ಮೊತ್ತ 10ರ ಒಳಗಿದ್ದರೆ ನೆಮ್ಮದಿ. 20-25 ದಾಟಿ ಅಲ್ಲೇ ನಿಂತರೆ ‘ಮಿಶ್ರಣ ತೆಳು’ ಎನ್ನುವ ಪಿ0171 ಕೋಡ್ ಬರುತ್ತದೆ. ಈಗ ಮುಖ್ಯ ವಿಷಯ: ಐಡಲ್‌ನಲ್ಲಿ +20, ಎಕ್ಸಲರೇಟರ್ ಒತ್ತಿ 2,500 ಆರ್‌ಪಿಎಂಗೆ ತಂದರೆ +4 ಆಗುವುದಾದರೆ ಎಲ್ಲೋ ಗಾಳಿ ಲೀಕ್ ಇದೆ. ಐಡಲ್‌ನಲ್ಲಿ ಎಂಜಿನ್ ಉಸಿರಾಡುವುದೇ ಸ್ವಲ್ಪ, ಕಳ್ಳಗಾಳಿಯ ಪಾಲು ಅಲ್ಲಿ ದೊಡ್ಡದು. ಉಸಿರು ಹೆಚ್ಚಾದಂತೆ ಅದು ಲೆಕ್ಕಕ್ಕಿಲ್ಲ. ಇದೇ ತಿರುವುಮುರುವಾಗಿ ಐಡಲ್‌ನಲ್ಲಿ ಸರಿ, ಎಳೆದಾಗ ಪ್ಲಸ್ ಏರಿದರೆ ಪಂಪು ಅಥವಾ ಫಿಲ್ಟರ್ ಪೆಟ್ರೋಲ್ ಕೊಡುತ್ತಿಲ್ಲ.

ಗಾಳಿ ಲೀಕ್‌ಗೂ ಬೆಳಗಿಗೂ ಏನು ಸಂಬಂಧ ಅಂದಿರಾ? ವಯಸ್ಸಾಗಿ ಗಟ್ಟಿಯಾದ ಇನ್‌ಟೇಕ್ ಗ್ಯಾಸ್ಕೆಟ್ಟು ಚಳಿಯಲ್ಲಿ ಕುಗ್ಗಿ ಸಂದು ಬಿಡುತ್ತದೆ, ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಮಧ್ಯಾಹ್ನ ಎಷ್ಟು ಹುಡುಕಿದರೂ ಸಿಗದ ಲೀಕ್ ಇದು.

ಒಂದು ಎಚ್ಚರಿಕೆ. ಮೇಲಿನ ಲೆಕ್ಕ ಗಾಳಿಯ ರಾಶಿ ಅಳೆಯುವ ಮ್ಯಾಫ್ ಸೆನ್ಸರ್ ಇರುವ ಕಾರುಗಳಿಗೆ. ನಮ್ಮ ರಸ್ತೆಯ ಹಲವು ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಇರುವುದು ಇನ್‌ಟೇಕ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್. ಅವುಗಳಲ್ಲಿ ಕಳ್ಳಗಾಳಿಯೂ ಒತ್ತಡದ ಲೆಕ್ಕಕ್ಕೆ ಬಂದುಬಿಡುವುದರಿಂದ ಟ್ರಿಮ್ ಅಷ್ಟಾಗಿ ಕದಲದೆ ಐಡಲ್ ಮೇಲೇರುತ್ತದೆ.

ಆ ಮ್ಯಾಪ್ ಸೆನ್ಸರ್ ನಿಮ್ಮೂರಿನ ಎತ್ತರವನ್ನೂ ಹೇಳುತ್ತದೆ. ಎಂಜಿನ್ ಆಫ್, ಇಗ್ನಿಷನ್ ಆನ್ ಇದ್ದಾಗ ಅದು ತೋರಿಸಬೇಕಾದದ್ದು ಹೊರಗಿನ ಹವೆಯ ಒತ್ತಡವನ್ನೇ: ಮಂಗಳೂರಿನಲ್ಲಿ 101 ಕಿಲೊಪಾಸ್ಕಲ್, ಬೆಂಗಳೂರಿನಲ್ಲಿ 91ರ ಸುತ್ತ, ಮಡಿಕೇರಿಯಲ್ಲಿ 88. ಬೆಂಗಳೂರಿನಲ್ಲಿ ನಿಂತು 101 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ.

ಯಾವ ಸಿಲಿಂಡರ್ ಉರಿಯಲಿಲ್ಲ ಎಂದು ಇಸಿಯುಗೆ ಹೇಗೆ ಗೊತ್ತಾಗುತ್ತದೆ? ಸಿಲಿಂಡರ್ ಒಳಗೆ ಯಾವ ಕಣ್ಣೂ ಇಲ್ಲ. ಕ್ರ್ಯಾಂಕ್ ಸೆನ್ಸರ್ ಎಂಜಿನ್‌ನ ಚಕ್ರ ತಿರುಗುವ ವೇಗ ನೋಡುತ್ತಿರುತ್ತದೆ, ಅಷ್ಟೇ. ನಾಲ್ಕು ಸಿಲಿಂಡರ್ ಎಂಜಿನ್ 1,200 ಆರ್‌ಪಿಎಂನಲ್ಲಿ ಸೆಕೆಂಡಿಗೆ 40 ಸಲ ಒದೆಯುತ್ತದೆ; ಒಂದು ಒದೆತ ತಪ್ಪಿದರೂ ಆ 25 ಮಿಲಿಸೆಕೆಂಡಿನಲ್ಲಿ ಚಕ್ರ ಕೂದಲೆಳೆಯಷ್ಟು ನಿಧಾನವಾಗುತ್ತದೆ. ಆಗ ಯಾರ ಸರದಿ ಇತ್ತೋ ಅವರ ಹೆಸರಿಗೆ ಕೋಡ್: ಎರಡನೆಯದಕ್ಕೆ ಪಿ0302, ಮೂರನೆಯದಕ್ಕೆ ಪಿ0303. ಯಾರೆಂದು ತೀರ್ಮಾನಿಸಲಾಗದಿದ್ದರೆ ಪಿ0300. ಗುಂಡಿ ಬಿದ್ದ ರಸ್ತೆಯ ಕುಲುಕಾಟವೂ ಇದೇ ಥರ ಕಾಣುವುದರಿಂದ ಕೆಲವು ಕಾರುಗಳು ಎಬಿಎಸ್ ಚಕ್ರದ ವೇಗ ನೋಡಿ ರಸ್ತೆಯ ತಪ್ಪನ್ನು ಎಂಜಿನ್‌ಗೆ ಹೊರಿಸದಂತೆ ನೋಡಿಕೊಳ್ಳುತ್ತವೆ. ನಮ್ಮ ಊರುಗಳಿಗೆ ಬೇಕಾದ ಜಾಣತನ.

ಪಿ0302 ಬಂದರೆ ಹೊಸ ಕಾಯಿಲ್ ಕೊಳ್ಳುವ ಮುನ್ನ ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಕಾಯಿಲ್ ಅದಲುಬದಲು ಮಾಡಿ. ಮಾರನೆಯ ಬೆಳಗ್ಗೆ ಕೋಡ್ ಪಿ0303 ಆದರೆ ತಪ್ಪು ಕಾಯಿಲ್‌ನದು. ಪಿ0302 ಆಗಿಯೇ ಉಳಿದರೆ ಪ್ಲಗ್ಗು, ಇಂಜೆಕ್ಟರ್, ಕಂಪ್ರೆಷನ್ ನೋಡಿ. ಸಂಜೆಯೇ ಫಲಿತಾಂಶ ಬೇಕೆಂದರೆ ಸಿಗುವುದಿಲ್ಲ.

ಒಂದೇ ಸಿಲಿಂಡರ್, ಮೊದಲ ಒಂದು ನಿಮಿಷ ಮಾತ್ರ ಮಿಸ್ಸಿಂಗ್, ಬಿಳಿ ಹೊಗೆ, ಜೊತೆಗೆ ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ತಿಂಗಳು ತಿಂಗಳೂ ಇಳಿಯುತ್ತಿದೆಯೇ? ಹೆಡ್ ಗ್ಯಾಸ್ಕೆಟ್ ಅನುಮಾನ ಪಡಿ. ಎಂಜಿನ್ ನಿಂತ ಮೇಲೆ ವ್ಯವಸ್ಥೆಯಲ್ಲಿ ಉಳಿದ ಒತ್ತಡ ಕೂಲೆಂಟನ್ನು ಸಣ್ಣಗೆ ಸಿಲಿಂಡರ್‌ಗೆ ತಳ್ಳಿರುತ್ತದೆ. ಆ ಪ್ಲಗ್ ಬಿಚ್ಚಿದರೆ ಪಕ್ಕದವು ಕಂದುಬಣ್ಣಕ್ಕಿದ್ದು ಇದೊಂದು ಮಾತ್ರ ತೊಳೆದಿಟ್ಟಷ್ಟು ಬಿಳಿ. ಇಲ್ಲಿ ಸ್ಕ್ಯಾನರ್ ಬೆರಳು ತೋರಿಸಬಲ್ಲದು, ಸಾಕ್ಷಿ ಕೊಡುವುದು ಕೂಲಿಂಗ್ ಪ್ರೆಷರ್ ಟೆಸ್ಟ್.

ಸೆಲ್ಫ್ ತುಂಬ ಹೊತ್ತು ಸುತ್ತಿದ ಮೇಲೆ ಹಿಡಿಯುತ್ತದೆಯೇ? ಇಗ್ನಿಷನ್ ಆನ್ ಮಾಡಿ ಎರಡು ಸೆಕೆಂಡ್ ಪಂಪಿನ ಗುಂಯ್ ಸದ್ದು ಕೇಳಿ ಆಫ್ ಮಾಡಿ. ಮೂರು ಸಲ ಹೀಗೆ ಮಾಡಿ ಆಮೇಲೆ ಸ್ಟಾರ್ಟ್ ಮಾಡಿ. ಈಗ ಥಟ್ಟನೆ ಹಿಡಿದರೆ ರಾತ್ರಿ ಲೈನಿನ ಒತ್ತಡ ಇಳಿದುಹೋಗುತ್ತಿದೆ.

ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಒದ್ದೆಯಾದರೆ ಎಕ್ಸಲರೇಟರ್ ನೆಲಕ್ಕೆ ಒತ್ತಿಹಿಡಿದು ಸೆಲ್ಫ್ ಹೊಡೆಯಿರಿ. ಬಹಳಷ್ಟು ಇಂಜೆಕ್ಷನ್ ಕಾರುಗಳು ಇದನ್ನು ‘ಒಣಗಿಸು’ ಎಂಬ ಆಜ್ಞೆಯೆಂದು ತಿಳಿದು ಇಂಜೆಕ್ಟರ್ ನಿಲ್ಲಿಸುತ್ತವೆ. ಕಾರ್ಬುರೇಟರ್ ಕಾಲದ ಡ್ರೈವರ್‌ಗಳ ಉಪಾಯವನ್ನೇ ಸಾಫ್ಟ್‌ವೇರಿಗೆ ಇಳಿಸಿದ್ದಾರೆ.

ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ ಮೊದಲು ಬ್ಯಾಟರಿ, ಟರ್ಮಿನಲ್. ಉಳಿದ ಅಂಕಿಗಳನ್ನು ನಂಬುವುದು ಆಮೇಲೆ.

ಪೆಟ್ರೋಲ್‌ಗೆ ಬೆರೆಸುವ ಎಥನಾಲ್‌ಗೆ ಚಳಿ ಆಗಿಬರುವುದಿಲ್ಲ. ಅದು ಆವಿಯಾಗಲು ತೂಕಕ್ಕೆ ತೂಕ ಪೆಟ್ರೋಲ್‌ಗಿಂತ ದುಪ್ಪಟ್ಟಿಗೂ ಹೆಚ್ಚು ಶಾಖ ಬೇಕು, ಕುದಿಯುವುದು 78 ಡಿಗ್ರಿಯಲ್ಲಿ. ಪೂರ್ತಿ ಎಥನಾಲ್‌ನಲ್ಲೂ ಓಡುವ ಬ್ರೆಜಿಲ್‌ನ ಕಾರುಗಳಲ್ಲಿ ಚಳಿಗಾಲದ ಸ್ಟಾರ್ಟ್‌ಗೆಂದೇ ಬಾನೆಟ್ ಕೆಳಗೆ ಪುಟ್ಟ ಪೆಟ್ರೋಲ್ ಟ್ಯಾಂಕ್ ಇರುತ್ತಿತ್ತು. ಅದನ್ನು ತೆಗೆದು ಇಂಧನವನ್ನೇ ಮೊದಲು ಬಿಸಿಮಾಡುವ ಪೋಲೊ ಅಲ್ಲಿ 2009ರಲ್ಲಿ ಬಂತು. ನಮ್ಮ ಶೇ. 20ರ ಮಿಶ್ರಣದಲ್ಲಿ ಪರಿಸ್ಥಿತಿ ಅಷ್ಟು ಬಿಗಡಾಯಿಸುವುದಿಲ್ಲ. ಆದರೆ ಹಳೆಯ ಕಾರಿನಲ್ಲಿ ಟ್ರಿಮ್ ಕೆಲವು ಅಂಕ ಪ್ಲಸ್ ಕಡೆಗೆ ಜರುಗಿದರೆ ಅದನ್ನೇ ಲೀಕ್ ಎಂದುಕೊಳ್ಳಬೇಡಿ.

ಡೀಸೆಲ್ ಕಾರಿನಲ್ಲಿ ನೋಡಬೇಕಾದ ಅಂಕಿಯೇ ಬೇರೆ, ರೈಲ್ ಪ್ರೆಷರ್. ಸೆಲ್ಫ್ ಸುತ್ತುವಾಗ ಅದು ಸುಮಾರು 200 ಬಾರ್ ಮುಟ್ಟದೆ ಇಂಜೆಕ್ಟರ್ ತೆರೆಯುವುದಿಲ್ಲ. ಗ್ಲೋ ಪ್ಲಗ್ ಸತ್ತಿದ್ದರೆ ಬೆಂಗಳೂರಿನ ಚಳಿಯಲ್ಲಿ ಸ್ಟಾರ್ಟ್ ಆಗುತ್ತದೆ, ಒಂದಿಷ್ಟು ಹೊತ್ತು ಅದುರಿ ಬಿಳಿ ಹೊಗೆ ಉಗುಳುತ್ತದೆ.

ಕೋಡ್ ಬಿದ್ದ ಕ್ಷಣದ ಅಂಕಿಗಳನ್ನು ಇಸಿಯು ಫೋಟೋ ತೆಗೆದಂತೆ ಉಳಿಸಿಕೊಳ್ಳುತ್ತದೆ, ಹೆಸರು ಫ್ರೀಜ್ ಫ್ರೇಮ್. ಪಿ0300 ಜೊತೆಗೆ ‘ಕೂಲೆಂಟ್ 24 ಡಿಗ್ರಿ, ಸ್ಟಾರ್ಟ್ ಆಗಿ 11 ಸೆಕೆಂಡ್’ ಎಂದಿದ್ದರೆ ಕೇಸು ಅರ್ಧ ಮುಗಿಯಿತು. ಇದನ್ನು ಓದದೆ ‘ಕೋಡ್ ಕ್ಲಿಯರ್ ಮಾಡಿದೀನಿ, ಓಡಿಸಿ ನೋಡಿ’ ಅನ್ನುವವರ ಮೇಲೆ ನನಗೆ ಸಿಟ್ಟು. ಆ ಒಂದು ಗುಂಡಿ ಒತ್ತಿದರೆ ಫ್ರೀಜ್ ಫ್ರೇಮ್ ಅಳಿಯುತ್ತದೆ, ಬಹಳಷ್ಟು ಕಾರುಗಳಲ್ಲಿ ಟ್ರಿಮ್ ಲೆಕ್ಕವೂ ಸೊನ್ನೆಗೆ ಬರುತ್ತದೆ.

ಸ್ಕ್ಯಾನರ್ ಚುಚ್ಚುವ 16 ಪಿನ್ನಿನ ಸಾಕೆಟ್ ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಕಡ್ಡಾಯವಾಯಿತು, ಯುರೋಪಿನ ಪೆಟ್ರೋಲ್ ಕಾರುಗಳಿಗೆ 2001ರಲ್ಲಿ. ಭಾರತದಲ್ಲಿ ಓಬಿಡಿ-2 ನಿಯಮ ಬಂದದ್ದು 2013ರ ಏಪ್ರಿಲ್‌ನಲ್ಲಿ. ಕೆಲವು ನೂರು ರೂಪಾಯಿಗೆ ಸಿಗುವ ಬ್ಲೂಟೂತ್ ಡಾಂಗಲ್‌ಗಳ ಮೂಲ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡಿದ ಇಎಲ್ಎಂ327 ಚಿಪ್. ಅದರ ಮೊದಲ ಆವೃತ್ತಿಗೆ ನಕಲು ತಡೆಯುವ ಬೀಗ ಇರಲಿಲ್ಲ. ಮಾರುಕಟ್ಟೆ ತುಂಬ ನಕಲು ಹರಡಿತು. ಕಂಪನಿ 2022ರಲ್ಲಿ ಬಾಗಿಲು ಮುಚ್ಚಿತು.

ಅಗ್ಗದ ಡಾಂಗಲ್‌ನಲ್ಲಿ ಇಪ್ಪತ್ತು ಅಂಕಿ ಒಟ್ಟಿಗೆ ಕೇಳಿದರೆ ಒಂದೊಂದೂ ಬರುವುದು ನಿಧಾನ, ಅಷ್ಟರಲ್ಲಿ ಅದುರಿದ ಕ್ಷಣ ಕಳೆದಿರುತ್ತದೆ. ಆರ್‌ಪಿಎಂ, ಕೂಲೆಂಟ್, ಎರಡು ಟ್ರಿಮ್, ವೋಲ್ಟೇಜ್ ಇಷ್ಟು ಸಾಕು. ರೆಕಾರ್ಡಿಂಗ್ ಒತ್ತಿ, ಆಮೇಲೆ ಸೆಲ್ಫ್ ಹೊಡೆಯಿರಿ.

ಸಾಕೆಟ್ಟಿನ 16ನೇ ಪಿನ್‌ಗೆ ಬ್ಯಾಟರಿಯಿಂದ ಸದಾ ಕರೆಂಟ್ ಇರುತ್ತದೆ, ಕೀ ತೆಗೆದರೂ. ಡಾಂಗಲ್ ಅಲ್ಲೇ ಮರೆತು ಗಾಡಿಯನ್ನು ಕೆಲವು ವಾರ ನಿಲ್ಲಿಸಿದರೆ, ಮೊದಲೇ ಹಳತಾಗಿದ್ದ ಬ್ಯಾಟರಿ ಮಲಗಿ, ಬೆಳಗಿನ ಸ್ಟಾರ್ಟಿಂಗ್ ಟ್ರಬಲ್‌ಗೆ ಸ್ಕ್ಯಾನರೇ ಕಾರಣವಾಗಬಹುದು.