ಹೃದಯಕ್ಕೊಂದು ಒರೆಗಲ್ಲು

ತಾಳಬೆಟ್ಟದಿಂದ ಮಲೆಯ ಮಹದೇಶ್ವರನ ಸನ್ನಿಧಿಗೆ ಕಾಲ್ನಡಿಗೆಯಲ್ಲಿ ಏರುವ ಭಕ್ತರಿಗೆ ಹನೂರಿನ ಸೀಮೆಯಲ್ಲಿ ಇಂದಿಗೂ ಕೊರತೆಯಿಲ್ಲ. ಕೊಳ್ಳೇಗಾಲದಲ್ಲಿರುವ ನನ್ನ ಸೋದರಮಾವನವರು ಮೂವತ್ತು ವರ್ಷಗಳಿಂದ ಶಿವರಾತ್ರಿಯ ಈ ನಡಿಗೆಯನ್ನು ತಪ್ಪಿಸಿದವರಲ್ಲ. ವಯಸ್ಸು ೬೨, ರೇಷ್ಮೆ ಮಗ್ಗದ ಮುಂದೆ ದುಡಿದ ಜೀವ, ಸಕ್ಕರೆ ಕಾಯಿಲೆ ಹತ್ತು ವರ್ಷಗಳ ಒಡನಾಡಿ. ಈ ಸಲ ಏರುದಾರಿಯ ನಡುವೆ ಅವರು ನಿಂತುಬಿಟ್ಟರು. ಎದೆಯ ಮೇಲೆ ಕಲ್ಲು ಹೇರಿದಂತಹ ಭಾರ, ಎಡದೋಳಿಗೆ ಇಳಿದ ಸೆಳೆತ. ಬಂಡೆಯೊಂದರ ಮೇಲೆ ಐದು ನಿಮಿಷ ಕುಳಿತೊಡನೆ ಎಲ್ಲವೂ ಮಾಯವಾಯಿತು. ಎದ್ದು ನಡೆದರೆ ಮತ್ತೆ ಅದೇ ಭಾರ. ‘ವಾಯು’ ಎಂದುಕೊಂಡು, ಇಂಗು ಬೆರೆಸಿದ ಮಜ್ಜಿಗೆ ಕುಡಿದು, ಹೇಗೋ ದೇವರ ದರ್ಶನ ಮುಗಿಸಿ ಬಂದರು.

ಮನೆಯವರ ಬಲವಂತಕ್ಕೆ ಊರಿನ ವೈದ್ಯರಲ್ಲಿಗೆ ಹೋದುದಾಯಿತು. ಇಸಿಜಿಯಲ್ಲಿ ಯಾವ ದೋಷವೂ ಕಾಣಲಿಲ್ಲ. ಮಾವನವರು ಗೆದ್ದವರಂತೆ ನಕ್ಕರು. ಆದರೆ ವೈದ್ಯರಿಗೆ ಸಮಾಧಾನವಾಗಲಿಲ್ಲ. “ಮಲಗಿರುವಾಗ ತೆಗೆದ ಲೆಕ್ಕ ಇದು. ಏರಿನಲ್ಲಿ ಹೃದಯ ಏನು ಹೇಳುತ್ತದೆಂಬುದನ್ನು ನೋಡಬೇಕು. ಮೈಸೂರಿಗೆ ಹೋಗಿ ಶ್ರಮಪರೀಕ್ಷೆ ಮಾಡಿಸಿಕೊಂಡು ಬನ್ನಿ” ಎಂದರು.

ಮನೆಯಲ್ಲಿ ಚರ್ಚೆ ಎದ್ದಿತು. “ಎದೆನೋವು ಅಂದವರನ್ನ ಯಂತ್ರದ ಮೇಲೆ ಓಡಿಸ್ತಾರಂತಲ್ಲಪ್ಪ! ಅಲ್ಲೇ ಏನಾದರೂ ಆಗಿಹೋದರೆ?” ಎಂದು ಅತ್ತೆ ನನ್ನನ್ನು ಕೇಳಿದರು. ಬೆಂಗಳೂರಿನಿಂದ ಬಂದಿದ್ದ ಅವರ ಮಗನ ಯೋಚನೆಯೇ ಬೇರೆ. ೩೪ ವರ್ಷದ, ಯಾವ ಬೇನೆಯೂ ಇಲ್ಲದ ಹುಡುಗ. “ಅಪ್ಪನ ಜೊತೆ ನಾನೂ ಮಾಡಿಸಿಬಿಡ್ತೀನಿ ಭಾವ, ಒಂದು ಸಲ ನೋಡಿಸಿದರೆ ನಿಶ್ಚಿಂತೆ” ಎಂದ. ಅವನ ಭಯಕ್ಕೂ ಕಾರಣವಿತ್ತು. ೨೦೨೧ರ ಅಕ್ಟೋಬರ್ ೨೯ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ ೪೬ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡುದು ನಾಡಿಗೆಲ್ಲ ಆಘಾತ. ಅವರ ತಾತನವರ ಊರಾದ ಸಿಂಗಾನಲ್ಲೂರು ನಮ್ಮ ಕೊಳ್ಳೇಗಾಲದ ಸೀಮೆಯದೇ ಆದುದರಿಂದ ನಮಗೆ ಅದು ಮನೆಯ ಸಾವಿನಂತೆಯೇ ತಟ್ಟಿತ್ತು. ೨೦೨೫ರ ಜುಲೈ ತಿಂಗಳಲ್ಲಿ ಹಾಸನದ ಸುದ್ದಿಗಳನ್ನೋದಿ ಗಾಬರಿಗೊಂಡ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಲ್ಲೇ ಸಾಲುಗಟ್ಟಿದುದೂ ನೆನಪಿನಲ್ಲಿದೆ.

ಒಬ್ಬರಿಗೆ ಪರೀಕ್ಷೆಯ ಭಯ; ಇನ್ನೊಬ್ಬನಿಗೆ ಪರೀಕ್ಷೆಯಲ್ಲಿ ಅತಿಯಾದ ಭರವಸೆ. ಇವೆರಡನ್ನೂ ತೂಗಿನೋಡುವುದು ಅವಶ್ಯಕ.

ಏರಿನಲ್ಲೇ ಏಕೆ ನೋವು?

ಹೃದಯದ ಮಾಂಸಖಂಡಕ್ಕೆ ರಕ್ತವನ್ನೊದಗಿಸುವ ನಾಳಗಳಿಗೆ ಪರಿಧಮನಿಗಳೆಂದು ಹೆಸರು. ಅವುಗಳ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾಗುವುದೇ ಪರಿಧಮನಿ ರೋಗ. ನಾಳವು ನೂರಕ್ಕೆ ೭೦ರಷ್ಟು ಮುಚ್ಚಿದ್ದರೂ ಕುಳಿತವನ ಹೃದಯಕ್ಕೆ ಸಾಕಾಗುವಷ್ಟು ರಕ್ತ ಹರಿಯುತ್ತಿರಬಹುದು. ಬೇಸಗೆಯ ಕಾಲುವೆಯಲ್ಲಿ ಹೂಳಿದ್ದರೂ ಒಂದು ಮಡಿಗೆ ನೀರು ಸಾಲುತ್ತದೆ. ಹತ್ತು ಮಡಿಗಳಿಗೆ ಒಟ್ಟಿಗೆ ಬಿಟ್ಟಾಗಲೇ ಕೊರತೆ ತಿಳಿಯುವುದು. ಏರು ಹತ್ತುವಾಗ ಹೃದಯದ ಬೇಡಿಕೆ ಹಲವು ಪಟ್ಟು ಹೆಚ್ಚುತ್ತದೆ, ಕಿರಿದಾದ ನಾಳ ಅದನ್ನು ಪೂರೈಸಲಾರದು, ಎದೆ ಹಿಂಡುತ್ತದೆ. ಶ್ರಮಪರೀಕ್ಷೆಯೆಂದರೆ ಈ ಏರನ್ನೇ ಆಸ್ಪತ್ರೆಯೊಳಕ್ಕೆ ತಂದು, ವೈದ್ಯರ ಕಣ್ಣೆದುರಿನಲ್ಲಿ ಹತ್ತಿಸುವುದು.

ಅಮೆರಿಕದ ಸಿಯಾಟಲ್ ನಗರದ ವೈದ್ಯ ರಾಬರ್ಟ್ ಬ್ರೂಸ್ ೧೯೬೩ರಲ್ಲಿ ಪ್ರಕಟಿಸಿದ ಕ್ರಮವೇ ಇಂದಿಗೂ ಬಳಕೆಯಲ್ಲಿದೆ. ಚಲಿಸುವ ಪಟ್ಟಿಯ ಮೇಲೆ ಗಂಟೆಗೆ ೨.೭ ಕಿಲೋಮೀಟರಿನ ವೇಗದಿಂದ ನಡಿಗೆ ಆರಂಭ; ನೂರಡಿಗೆ ಹತ್ತಡಿಯ ಏರು. ಮೂರು ಮೂರು ನಿಮಿಷಗಳಿಗೊಮ್ಮೆ ವೇಗವೂ ಏರೂ ಹೆಚ್ಚುತ್ತವೆ. ಇದನ್ನೇ ಜನ ಟಿಎಂಟಿ ಎನ್ನುವುದು.

ಚಿತ್ರದ ನೆರವು

ಬರಿಯ ಇಸಿಜಿಯನ್ನು ನಂಬಿದ ನಡಿಗೆಯ ಪರೀಕ್ಷೆಗೆ ಮಿತಿಗಳಿವೆ. ೧೪೭ ಅಧ್ಯಯನಗಳನ್ನು ಒಟ್ಟುಗೂಡಿಸಿ ೧೯೮೯ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ರೋಗವಿದ್ದ ನೂರು ಮಂದಿಯಲ್ಲಿ ಅದು ಹಿಡಿದುಕೊಟ್ಟುದು ಸರಾಸರಿ ೬೮ ಮಂದಿಯನ್ನು. ರೋಗವಿಲ್ಲದ ನೂರು ಮಂದಿಯಲ್ಲಿ ೨೩ ಮಂದಿಗೆ ಇಲ್ಲದ ಅನುಮಾನವನ್ನು ಅಂಟಿಸಿತು. ಸ್ತ್ರೀಯರಲ್ಲಿ ಇಂತಹ ತಪ್ಪು ಇನ್ನೂ ಹೆಚ್ಚು. ಆದುದರಿಂದಲೇ ಶ್ರಮದೊಡನೆ ಹೃದಯದ ಚಿತ್ರವನ್ನೂ ತೆಗೆಯುವ ಪದ್ಧತಿ ಬೆಳೆಯಿತು.

ಶ್ರಮದ ಎಕೋದಲ್ಲಿ ಶಬ್ದತರಂಗಗಳಿಂದ ಹೃತ್ಕುಕ್ಷಿಯ ಗೋಡೆಯ ಚಲನೆಯನ್ನು ನೋಡುತ್ತಾರೆ. ರಕ್ತ ಸಾಲದ ಭಾಗ ಸೊರಗಿ ನಿಧಾನವಾಗುತ್ತದೆ. ಇದರಲ್ಲಿ ವಿಕಿರಣದ ಸೋಂಕೇ ಇಲ್ಲ. ಎರಡನೆಯದು ಪರಮಾಣು ಚಿತ್ರಣ: ಟೆಕ್ನೀಷಿಯಂ ಮೊದಲಾದ ವಿಕಿರಣವಸ್ತುವನ್ನು ಅತ್ಯಲ್ಪವಾಗಿ ರಕ್ತಕ್ಕೆ ಸೇರಿಸಿ, ಅದು ಹೃದಯದ ಯಾವ ಭಾಗಕ್ಕೆ ತಲುಪಲಿಲ್ಲವೆಂಬುದನ್ನು ಕ್ಯಾಮರಾದಿಂದ ಗುರುತಿಸುವುದು. ಎಂಆರ್‌ಐ ಮೂರನೆಯದು. ಯಳಂದೂರಿನ ನಮ್ಮ ದೊಡ್ಡಮ್ಮನವರಂತೆ ಮಂಡಿನೋವಿನಿಂದ ಬಿಳಿಗಿರಿರಂಗನ ಬೆಟ್ಟದ ಮೆಟ್ಟಿಲನ್ನೇ ಹತ್ತಲಾರದವರಿಗೆ ಡೋಬ್ಯುಟಮೀನ್, ಅಡಿನೋಸಿನ್ ಮುಂತಾದ ಔಷಧಗಳ ಮೂಲಕ ಮಲಗಿದಲ್ಲಿಯೇ ಪರೀಕ್ಷೆ ಸಾಧ್ಯ.

ಅಪಾಯವೆಷ್ಟು?

ಅತ್ತೆಯವರ ಪ್ರಶ್ನೆ ಸುಳ್ಳಲ್ಲ. ನಡಿಗೆಯ ಪರೀಕ್ಷೆಯಲ್ಲಿ ಹೃದಯಾಘಾತ ಅಥವಾ ಸಾವು ಸಂಭವಿಸುವುದು ಹೆಚ್ಚೆಂದರೆ ೨,೫೦೦ ಪರೀಕ್ಷೆಗಳಿಗೊಂದರಂತೆ ಎಂಬುದು ವೈದ್ಯಸಂಸ್ಥೆಗಳ ಅಂದಾಜು. ಡೋಬ್ಯುಟಮೀನ್ ಪರೀಕ್ಷೆಯಲ್ಲಿ ಗಂಡಾಂತರಗಳು ಇದಕ್ಕಿಂತ ತುಸು ಹೆಚ್ಚು. ಅಡಿನೋಸಿನ್ ಜಾತಿಯ ಔಷಧಗಳಿಂದ ಅಪರೂಪವಾಗಿ ಹೃದಯಾಘಾತವಾಗುವುದುಂಟೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೧೩ರಲ್ಲಿ ಎಚ್ಚರಿಸಿತ್ತು. ಟೆಕ್ನೀಷಿಯಂ ಚಿತ್ರಣದಲ್ಲಿ ದೇಹಕ್ಕೆ ತಗಲುವ ವಿಕಿರಣ ಸುಮಾರು ೧೦ ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ಸಹಜವಾಗಿ ತಗಲುವುದು ವರ್ಷಕ್ಕೆ ಸರಾಸರಿ ೨.೪. ರೋಗಿಗೆ ಇದು ದೊಡ್ಡ ಹೊರೆಯಲ್ಲ. ಆದರೆ ಕಾರಣವಿಲ್ಲದೆ ಪದೇ ಪದೇ ಹೊರಬೇಕಾದ ಹೊರೆಯೂ ಅಲ್ಲ. ಗರ್ಭಿಣಿಯರು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಅಪಾಯ ಕಡಮೆಯಾಗಿರುವುದಕ್ಕೆ ಕಾರಣ ಆಯ್ಕೆಯಲ್ಲಿನ ಎಚ್ಚರ. ಹೃದಯಾಘಾತವಾಗಿ ಎರಡು ದಿನವೂ ಕಳೆಯದವರನ್ನು, ಕುಳಿತಲ್ಲಿಯೇ ನೋವು ಮರುಕಳಿಸುತ್ತಿರುವವರನ್ನು, ಮಹಾಧಮನಿಯ ಕವಾಟ ತೀರ ಕಿರಿದಾಗಿ ಬಾಧೆಪಡುತ್ತಿರುವವರನ್ನು ಈ ಯಂತ್ರಕ್ಕೆ ಹತ್ತಿಸಲಾಗದು. ಉಬ್ಬಸವಿರುವವರಿಗೆ ಅಡಿನೋಸಿನ್ ಒಗ್ಗದು. ಈ ಔಷಧದ ಪರೀಕ್ಷೆಗೆ ಮುಂಚೆ ಕನಿಷ್ಠ ಹನ್ನೆರಡು ಗಂಟೆ ಕಾಫಿ, ಚಹ ವರ್ಜ್ಯ. ಅವುಗಳಲ್ಲಿನ ಕೆಫೀನ್ ಔಷಧದ ಕೆಲಸವನ್ನು ತಡೆದು ಫಲಿತಾಂಶವನ್ನು ಕೆಡಿಸುತ್ತದೆ. ನಿತ್ಯದ ಮಾತ್ರೆಗಳನ್ನು ನಿಲ್ಲಿಸಬೇಕೇ ಬೇಡವೇ ಎಂಬುದನ್ನು ವೈದ್ಯರೇ ಹೇಳಬೇಕು.

ಪ್ರಯೋಜನದ ಎಲ್ಲೆ

ಎದೆನೋವಿರುವವನಲ್ಲಿ ಶ್ರಮಚಿತ್ರಣ ಸರಿಯಾಗಿ ಬಂದರೆ, ಮುಂದಿನ ಒಂದು ವರ್ಷದಲ್ಲಿ ಹೃದಯಾಘಾತವೋ ಸಾವೋ ಒದಗುವ ಸಂಭವ ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಮೆ. ಇದು ಸಣ್ಣ ಸಮಾಧಾನವಲ್ಲ. ದೋಷ ಕಂಡರೂ ಒಡನೆಯೇ ಸ್ಟೆಂಟ್ ಹಾಕಿಸಬೇಕೆಂದಲ್ಲ. ಭಾರತವೂ ಸೇರಿ ೩೭ ದೇಶಗಳ ೫,೧೭೯ ರೋಗಿಗಳ ಮೇಲೆ ನಡೆದು ೨೦೨೦ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಪ್ರಯೋಗದಲ್ಲಿ, ಶ್ರಮದಲ್ಲಿ ರಕ್ತದ ಕೊರತೆ ಸಾಕಷ್ಟು ಕಂಡವರನ್ನು ಎರಡು ಗುಂಪು ಮಾಡಿದ್ದರು. ಸುಮಾರು ಮೂರು ವರ್ಷಗಳ ಬಳಿಕ, ಮೊದಲೇ ಸ್ಟೆಂಟ್ ಅಥವಾ ಶಸ್ತ್ರಚಿಕಿತ್ಸೆಯ ಹಾದಿ ಹಿಡಿದವರಲ್ಲಿ ಸಾವಾಗಲಿ ಹೃದಯಾಘಾತವಾಗಲಿ, ಔಷಧದಿಂದ ಆರಂಭಿಸಿದವರಿಗಿಂತ ಕಡಮೆಯಾಗಿರಲಿಲ್ಲ. ನೋವು ಮಾತ್ರ ಹೆಚ್ಚು ಶಮನವಾಗಿತ್ತು. ಎಡಗಡೆಯ ಮುಖ್ಯ ನಾಳವೇ ಕಿರಿದಾದವರನ್ನೂ ಹೃದಯ ತೀರ ದುರ್ಬಲವಾದವರನ್ನೂ ಈ ಪ್ರಯೋಗದಿಂದ ಹೊರಗಿಟ್ಟಿದ್ದರೆಂಬುದನ್ನು ಮರೆಯಬಾರದು. ಅವರ ದಾರಿ ಬೇರೆ.

ಇನ್ನು ನೋವೇ ಇಲ್ಲದವರ ಸಂಗತಿ. ಹೃದಯಾಘಾತ ಬಹುವೇಳೆ ಅರ್ಧವೂ ಮುಚ್ಚದ ನಾಳದಲ್ಲಿ ಕೊಬ್ಬಿನ ಗಂಟು ಒಡೆದು, ರಕ್ತ ಹೆಪ್ಪುಗಟ್ಟಿ ಸಂಭವಿಸುತ್ತದೆ. ಅಂತಹ ಗಂಟು ಶ್ರಮಪರೀಕ್ಷೆಗೆ ಸಿಕ್ಕದು. ಇಂದು ‘ನಿರ್ದೋಷ’ ಎಂಬ ಚೀಟಿ ಪಡೆದವನಿಗೆ ನಾಳೆಯ ಜಾಮೀನು ಯಾರೂ ಕೊಡಲಾರರು. ನೋವಿಲ್ಲದ ೧,೧೨೩ ಸಕ್ಕರೆ ರೋಗಿಗಳ ಅಧ್ಯಯನವೊಂದು ೨೦೦೯ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಮಂದಿಗೆ ಪರಮಾಣು ಚಿತ್ರಣ ಮಾಡಿಸಿ ಐದು ವರ್ಷಗಳ ಹತ್ತಿರ ಗಮನಿಸಿದರೂ, ಮಾಡಿಸಿಕೊಂಡವರಿಗೂ ಬಿಟ್ಟವರಿಗೂ ಗಣನೀಯ ಭೇದ ಕಾಣಲಿಲ್ಲ.

ಇದನ್ನೆಲ್ಲ ಹೇಳಿದಾಗ ಮಾವನ ಮಗ ಸ್ವಲ್ಪ ಸಪ್ಪಗಾದ. ಅವನಿಗೆ ಬೇಕಾದುದು ಯಂತ್ರವಲ್ಲ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳ ಲೆಕ್ಕ, ಮತ್ತು ಜೇಬಿನ ಸಿಗರೇಟು ಪೊಟ್ಟಣದ ವಿಸರ್ಜನೆ. ಕೊನೆಯದನ್ನು ಹೇಳಿದಾಗ ಅತ್ತೆ ಮಗನ ಮುಖ ನೋಡಿದರು. ಅವನು ನೆಲ ನೋಡಿದ.

ಮಾವನವರನ್ನು ಮೈಸೂರಿಗೆ ಕರೆದೊಯ್ದೆವು. ಅರುವತ್ತು ಕಿಲೋಮೀಟರಿನ ಬಸ್ಸಿನ ಹಾದಿಯುದ್ದಕ್ಕೂ ಅವರು ಮಾತಾಡಲಿಲ್ಲ. ಯಂತ್ರದ ಮೇಲೆ ಎರಡನೆಯ ಏರಿಗೆ ಅದೇ ಭಾರ ಬಂತು. ವೈದ್ಯರು ಒಡನೆ ನಿಲ್ಲಿಸಿದರು. ಎಕೋದಲ್ಲಿ ಹೃದಯದ ಒಂದು ಸಣ್ಣ ಭಾಗ ಸೊರಗಿದುದು ಕಂಡಿತು. ಮಾತ್ರೆ, ಪಥ್ಯ, ಸಮತಟ್ಟಿನ ನಡಿಗೆಗಳಿಂದ ಈಗ ನೋವು ಬಹುಮಟ್ಟಿಗೆ ಇಳಿದಿದೆ. ಮುಂದಿನ ಶಿವರಾತ್ರಿಗೆ ಬಸ್ಸಿನಲ್ಲಿ ಹೋಗಲು ಒಪ್ಪಿದ್ದಾರೆ. “ಮಾದಪ್ಪ ಏರಿನಲ್ಲಿ ಮೂರು ಸಲ ನಿಲ್ಲಿಸಿ ಹೇಳಿದ, ನಾನು ಕೇಳಲಿಲ್ಲ ಕಣಪ್ಪ” ಎನ್ನುತ್ತಾರೆ.

ಕೊನೆಯದಾಗಿ ಒಂದು ಮಾತು. ಎದೆಯ ಭಾರ ವಿಶ್ರಾಂತಿಯಲ್ಲೂ ಬಿಡದೆ ಹದಿನೈದು ನಿಮಿಷ ಮೀರಿದರೆ, ಬೆವರು, ಉಸಿರುಕಟ್ಟು ಜೊತೆಗೂಡಿದರೆ, ಅದು ಶ್ರಮಪರೀಕ್ಷೆಯ ಹೊತ್ತಲ್ಲ. ಹನೂರಿನವರಾಗಲಿ ಯಳಂದೂರಿನವರಾಗಲಿ ಮೈಸೂರಿನ ಹೆಸರು ಹೇಳಿ ತಡಮಾಡದೆ ೧೦೮ಕ್ಕೆ ಕರೆಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆ ಸೇರಬೇಕು. ಪುನೀತರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಡಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿಯನ್ನು ದೂರದ ತಜ್ಞರಿಗೆ ತೋರಿಸಿ, ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಅಂತಹ ಗಳಿಗೆಯಲ್ಲಿ ಕಳೆದುಹೋದ ಪ್ರತಿಯೊಂದು ನಿಮಿಷವೂ ಹೃದಯದ ಮಾಂಸವನ್ನೇ ಕಳೆಯುತ್ತದೆ.