ಪಟ್ಟಣದ ಪಾರಂಪರಿಕ ಭೂದೃಶ್ಯಗಳ ದಾಖಲೀಕರಣ: ಶ್ರೀರಂಗಪಟ್ಟಣದ ನಿದರ್ಶನ

ಪೀಠಿಕೆ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣವು ಕಾವೇರಿ ನದಿಯು ಎರಡು ಕವಲುಗಳಾಗಿ ಒಡೆದು ಮತ್ತೆ ಕೂಡುವ ನಡುವಣ ದ್ವೀಪದಲ್ಲಿ ನೆಲೆಗೊಂಡಿದೆ. ದ್ವೀಪದ ಪಶ್ಚಿಮ ಭಾಗದಲ್ಲಿ ಕೋಟೆ ಹಾಗೂ ಶ್ರೀ ರಂಗನಾಥಸ್ವಾಮಿ ದೇವಾಲಯ, ಪೂರ್ವ ಭಾಗದಲ್ಲಿ ಗಂಜಾಂ, ಗುಂಬಜ್ ಮತ್ತು ಸಂಗಮ ಇವೆ. 1610ರಲ್ಲಿ ರಾಜ ಒಡೆಯರ ವಶಕ್ಕೆ ಬಂದ ಈ ಪಟ್ಟಣವು ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲವೂ ಸೇರಿದಂತೆ 1799ರವರೆಗೆ ಮೈಸೂರು ರಾಜ್ಯದ ರಾಜಧಾನಿಯಾಗಿತ್ತು.

ಇಂದು ಇದೇ ಕೋಟೆಯ ಒಳಗೂ ಹೊರಗೂ ಸಹಸ್ರಾರು ನಾಗರಿಕರು ವಾಸವಾಗಿದ್ದಾರೆ. ಅವರು ಮನೆ ಕಟ್ಟಲು, ಹಳೆಯ ಮನೆ ದುರಸ್ತಿ ಮಾಡಲು, ಜಮೀನಿನ ಬಳಕೆ ಬದಲಾಯಿಸಲು ಅರ್ಜಿ ಸಲ್ಲಿಸುತ್ತಾರೆ. ಪಟ್ಟಣದಲ್ಲಿ ಉಳಿಸಬೇಕಾದುದು ಯಾವುದು, ಎಲ್ಲಿಂದ ಎಲ್ಲಿಯವರೆಗೆ ಎಂಬುದು ಮೊದಲೇ ದಾಖಲಾಗಿದ್ದಲ್ಲಿ ಮಾತ್ರ ಇಂತಹ ಅರ್ಜಿಗಳ ಇತ್ಯರ್ಥವು ನ್ಯಾಯಯುತವಾಗಿ ನಡೆಯಲು ಸಾಧ್ಯ. ದಾಖಲೀಕರಣದ ಉದ್ದೇಶ, ವಿಧಾನ ಹಾಗೂ ಅರ್ಜಿದಾರರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಪಾರಂಪರಿಕ ಭೂದೃಶ್ಯ ಎಂದರೇನು?

ಸ್ಮಾರಕವು ಒಂದು ಕಟ್ಟಡ. ಆ ಕಟ್ಟಡಕ್ಕೆ ಅರ್ಥ ಕೊಡುವ ನೆಲ, ನೀರು, ದಾರಿ, ಬಯಲು, ಮರಗಿಡ, ನೋಟ ಮತ್ತು ಜನಬಳಕೆ ಇವೆಲ್ಲವೂ ಕೂಡಿದಾಗ ಅದು ಭೂದೃಶ್ಯವೆನಿಸುತ್ತದೆ. ಯುನೆಸ್ಕೋ ಸಂಸ್ಥೆಯು 1992ರಲ್ಲಿ ವಿಶ್ವ ಪರಂಪರೆಯ ವರ್ಗೀಕರಣದಲ್ಲಿ ಸಾಂಸ್ಕೃತಿಕ ಭೂದೃಶ್ಯಗಳಿಗೆ ಸ್ಥಾನ ನೀಡಿತು. 2011ರಲ್ಲಿ ಐತಿಹಾಸಿಕ ನಗರ ಭೂದೃಶ್ಯ ಕುರಿತ ಶಿಫಾರಸನ್ನು ಅಂಗೀಕರಿಸಿತು.

ಶ್ರೀರಂಗಪಟ್ಟಣದಲ್ಲಿ ಇದಕ್ಕೆ ನಿದರ್ಶನಗಳು ಹೇರಳವಾಗಿವೆ. 1784ರ ದರಿಯಾ ದೌಲತ್ ಅರಮನೆಯು ಅದರ ತೋಟದಿಂದ ಬೇರೆಯಲ್ಲ. ಕೋಟೆಯ ಗೋಡೆಯು ಅದರ ಕಂದಕದಿಂದ ಹಾಗೂ ಪಕ್ಕದಲ್ಲಿ ಹರಿಯುವ ನದಿಯಿಂದ ಬೇರೆಯಲ್ಲ. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನಿರ್ಮಾಣವಾದ ಬಂಗಾರದೊಡ್ಡಿ ನಾಲೆಯು ನದಿಯ ಕವಲನ್ನು ಮೇಲ್ಗಾಲುವೆಯ ಮೂಲಕ ದಾಟುತ್ತದೆ. ಆ ನಾಲೆಯ ಜೊತೆಗೆ ಅದರ ನೀರುಂಡ ಗದ್ದೆಗಳೂ ಇತಿಹಾಸದ ಭಾಗವೇ ಆಗಿವೆ. ಪಶ್ಚಿಮವಾಹಿನಿಯ ಸೋಪಾನಗಳು, ಅಲ್ಲಿ ಅಸ್ಥಿ ವಿಸರ್ಜನೆಗೆ ಬರುವ ಜನರ ಸಂಪ್ರದಾಯ, 1804ರಲ್ಲಿ ಪೂರ್ಣಗೊಂಡ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು, ಕರಿಘಟ್ಟದ ಮೇಲಿನಿಂದ ಕಾಣುವ ನದಿ ಮತ್ತು ಗದ್ದೆಗಳ ನೋಟ ಇವೆಲ್ಲವೂ ಇದೇ ವರ್ಗಕ್ಕೆ ಸೇರುತ್ತವೆ. ನದಿಯ ಮೇಲ್ಭಾಗದಲ್ಲಿರುವ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಜೌಗು ಪ್ರದೇಶವೆಂಬ ಮಾನ್ಯತೆಯನ್ನೂ ಪಡೆಯಿತು.

ದಾಖಲೀಕರಣ ಏಕೆ ಅಗತ್ಯ?

ಸಂರಕ್ಷಿತ ಸ್ಮಾರಕಗಳಿಗೆ ಕಾನೂನಿನ ರಕ್ಷಣೆ ಇದೆ. ಆದರೆ ಸ್ಮಾರಕದಿಂದ ಸ್ಮಾರಕಕ್ಕೆ ನಡುವೆ ಇರುವ ಬಯಲು, ಕಾಲುವೆ, ಹಳೆಯ ಬೀದಿ, ಸ್ನಾನಘಟ್ಟ ಇವು ಅನೇಕ ವೇಳೆ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ವಸ್ತುವು ಪರವಾನಗಿ ನೀಡುವ ಅಧಿಕಾರಿಯ ಗಮನಕ್ಕೆ ಬರುವುದಿಲ್ಲ. ಅದು ಕಳೆದುಹೋದ ನಂತರ ಏನು ಕಳೆದುಹೋಯಿತು ಎಂದು ಹೇಳಲೂ ಆಧಾರವಿರುವುದಿಲ್ಲ.

ಇದಕ್ಕೆ ಇತ್ತೀಚಿನ ಒಂದು ಉದಾಹರಣೆಯನ್ನು ಗಮನಿಸಬಹುದು. ಬೆಂಗಳೂರು–ಮೈಸೂರು ಜೋಡಿ ರೈಲು ಮಾರ್ಗದ ಕಾಮಗಾರಿಗೆ ಟಿಪ್ಪು ಕಾಲದ ಒಂದು ಮದ್ದಿನ ಮನೆ ಅಡ್ಡಿಯಾಗಿತ್ತು. 2017ರಲ್ಲಿ ಆ ಇಡೀ ಕಟ್ಟಡವನ್ನು ಕೆಡವದೆ, ಅಡಿಯಿಂದ ಎತ್ತಿ, ನೂರು ಮೀಟರುಗಳಿಗೂ ಹೆಚ್ಚು ದೂರಕ್ಕೆ ಸ್ಥಳಾಂತರಿಸಲಾಯಿತು. ಕಟ್ಟಡ ಉಳಿಯಿತು, ಮಾರ್ಗವೂ ಆಯಿತು. ಆದರೆ ಮದ್ದಿನ ಮನೆಯನ್ನು ಕಟ್ಟಿದವರು ಅದರ ನೆಲೆಯನ್ನು ಕೋಟೆಯ ರಕ್ಷಣಾ ವ್ಯವಸ್ಥೆಗೆ ಅನುಗುಣವಾಗಿ ಆಯ್ದುಕೊಂಡಿದ್ದರು. ಆ ಮೂಲ ನೆಲೆ ಇನ್ನು ನಕಾಶೆಯಲ್ಲಿ, ಅಳತೆಯಲ್ಲಿ ಮತ್ತು ಛಾಯಾಚಿತ್ರಗಳಲ್ಲಿ ಮಾತ್ರ ಉಳಿಯಬಲ್ಲದು. ಕಟ್ಟಡವನ್ನು ಯಂತ್ರಗಳಿಂದ ಸಾಗಿಸಬಹುದು. ಭೂದೃಶ್ಯವನ್ನು ಸಾಗಿಸಲು ಬರುವುದಿಲ್ಲ.

ದಾಖಲೀಕರಣದಿಂದ ನಾಗರಿಕರಿಗೂ ಪ್ರಯೋಜನವಿದೆ. ನಿರ್ಬಂಧವಿರುವ ಸ್ಥಳ ಯಾವುದೆಂದು ಮುಂಚಿತವಾಗಿ ತಿಳಿದಿದ್ದರೆ ಯಾರೂ ಸಾಲ ಮಾಡಿ ಅಡಿಪಾಯ ಹಾಕಿದ ಮೇಲೆ ಕೆಲಸ ನಿಲ್ಲಿಸಬೇಕಾದ ಪ್ರಸಂಗ ಬರುವುದಿಲ್ಲ. ನಿರ್ಬಂಧವಿಲ್ಲದ ಸ್ಥಳದಲ್ಲಿ ಅನಗತ್ಯ ವಿಳಂಬವೂ ಆಗುವುದಿಲ್ಲ.

ದಾಖಲೀಕರಣದ ಹಂತಗಳು

1. ಹಳೆಯ ದಾಖಲೆಗಳ ಪರಿಶೀಲನೆ: ಕಂದಾಯ ಇಲಾಖೆಯ ಗ್ರಾಮ ನಕಾಶೆ, ಟಿಪ್ಪಣಿ, ಆಕಾರ್‌ಬಂದ್ ಮತ್ತು ಪಹಣಿಗಳನ್ನು ಮೊದಲು ನೋಡಲಾಗುತ್ತದೆ. ಸಾರ್ವಜನಿಕ ಉಪಯೋಗಕ್ಕೆಂದು ಬಿಟ್ಟ ‘ಬ’ ಖರಾಬು ಜಮೀನಿನಲ್ಲಿಯೇ ಹಳೆಯ ದಾರಿ, ಹಳ್ಳ, ಕಟ್ಟೆಗಳು ಸಾಮಾನ್ಯವಾಗಿ ದೊರೆಯುತ್ತವೆ. ಶ್ರೀರಂಗಪಟ್ಟಣದ ಮಟ್ಟಿಗೆ 1792 ಮತ್ತು 1799ರ ಮುತ್ತಿಗೆಗಳ ಕಾಲದ ನಕಾಶೆಗಳು, 1794ರಲ್ಲಿ ಪ್ರಕಟವಾದ ರಾಬರ್ಟ್ ಹೋಮ್ ಅವರ ಚಿತ್ರಸಂಪುಟ, ಅದೇ ರೀತಿ ಬಿ.ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 3ನೆಯ ಸಂಪುಟ ಉಪಯುಕ್ತ ಆಧಾರಗಳಾಗಿವೆ.

2. ಕ್ಷೇತ್ರ ಸಮೀಕ್ಷೆ: ಪ್ರತಿ ನೆಲೆಗೆ ಭೇಟಿ ನೀಡಿ ಅಳತೆ, ಅಕ್ಷಾಂಶ-ರೇಖಾಂಶ ಮತ್ತು ಛಾಯಾಚಿತ್ರಗಳನ್ನು ಪಡೆಯಲಾಗುತ್ತದೆ. ಚಿತ್ರ ತೆಗೆದ ಸ್ಥಳ, ದಿಕ್ಕು, ದಿನಾಂಕಗಳನ್ನು ನಮೂದಿಸಿದರೆ ಹತ್ತು ವರ್ಷಗಳ ನಂತರ ಅದೇ ಸ್ಥಳದಲ್ಲಿ ನಿಂತು ಬದಲಾವಣೆಯನ್ನು ಹೋಲಿಸಿ ನೋಡಬಹುದು. ಕೃಷ್ಣರಾಜಸಾಗರದಿಂದ ಹೊರಬಿಡುವ ನೀರಿನ ಪ್ರಮಾಣಕ್ಕೆ ತಕ್ಕಂತೆ ನದಿಯ ನೋಟ ಬದಲಾಗುವುದರಿಂದ ಮಳೆಗಾಲ ಮತ್ತು ಬೇಸಿಗೆ ಎರಡರಲ್ಲಿಯೂ ಸಮೀಕ್ಷೆ ಅಗತ್ಯ.

3. ಗಡಿ ಗುರುತಿಸುವುದು: ನೆಲೆಯ ವಿಸ್ತಾರವನ್ನು ಸರ್ವೆ ನಂಬರುಗಳ ಸಹಿತ ನಕಾಶೆಯಲ್ಲಿ ತೋರಿಸಲಾಗುತ್ತದೆ. ‘ನದಿಯ ಸಮೀಪ’, ‘ಕೋಟೆಯ ಹತ್ತಿರ’ ಎಂಬ ಅಸ್ಪಷ್ಟ ವಿವರಣೆಯಿಂದ ಸಂರಕ್ಷಣೆಯೂ ಆಗದು, ಅರ್ಜಿದಾರರಿಗೆ ಉತ್ತರವೂ ದೊರೆಯದು.

4. ಮಹತ್ವ ಮತ್ತು ಸ್ಥಿತಿಯ ನಿರೂಪಣೆ: ನೆಲೆಯ ಇತಿಹಾಸ, ಇಂದಿನ ಬಳಕೆ, ಒಡೆತನ, ಭೌತಿಕ ಸ್ಥಿತಿ, ಒದಗಿರುವ ಅಪಾಯ ಹಾಗೂ ಅಗತ್ಯ ಕ್ರಮಗಳನ್ನು ಒಂದೊಂದು ನೆಲೆಗೂ ಪ್ರತ್ಯೇಕ ಹಾಳೆಯಲ್ಲಿ ಬರೆಯಲಾಗುತ್ತದೆ.

5. ಸ್ಥಳೀಯರ ಪರಿಶೀಲನೆ: ಕರಡು ಪಟ್ಟಿಯನ್ನು ನಿವಾಸಿಗಳ ಮುಂದಿಟ್ಟು ತಪ್ಪು ಒಪ್ಪುಗಳನ್ನು ಸರಿಪಡಿಸುವುದು ಕೊನೆಯ ಹಂತ. ಶಿರಾದಿಂದ ಜನರನ್ನು ಕರೆತಂದು ನೆಲೆಗೊಳಿಸಿದ ಗಂಜಾಂ ಪೇಟೆಯು ಒಂದು ಕಾಲಕ್ಕೆ ಅಂಜೂರದ ತೋಟಗಳಿಗೆ ಹೆಸರಾಗಿತ್ತು. ಇಂತಹ ತೋಟಗಳು ಎಲ್ಲಿದ್ದವು ಎಂಬುದನ್ನು ಕಡತಗಳಿಗಿಂತ ಅಲ್ಲಿನ ಹಿರಿಯರು ಚೆನ್ನಾಗಿ ಹೇಳಬಲ್ಲರು.

ಕಾನೂನಿನ ಆಧಾರ

ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ನಿವೇಶನಗಳು ಹಾಗೂ ಅವಶೇಷಗಳ ಅಧಿನಿಯಮ, 1958ಕ್ಕೆ 2010ರಲ್ಲಿ ಮಾಡಲಾದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸಂರಕ್ಷಿತ ಪ್ರದೇಶದ ಗಡಿಯಿಂದ ಎಲ್ಲ ದಿಕ್ಕಿನಲ್ಲಿ 100 ಮೀಟರುಗಳವರೆಗೆ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರುಗಳವರೆಗೆ ನಿಯಂತ್ರಿತ ಪ್ರದೇಶ ಎಂದು ಪರಿಗಣಿಸಲಾಗುತ್ತದೆ. ಈ ಅಧಿನಿಯಮದ ಉಲ್ಲಂಘನೆಗೆ 2 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಪ್ರತ್ಯೇಕ ರಾಜ್ಯ ಅಧಿನಿಯಮವಿದೆ.

ಈ ಅಂತರಗಳ ಹೊರಗಿರುವ ಭೂದೃಶ್ಯಗಳ ವಿಷಯದಲ್ಲಿ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961 ಮುಖ್ಯವಾಗುತ್ತದೆ. ಪಾರಂಪರಿಕ ಕಟ್ಟಡ ಮತ್ತು ಪಾರಂಪರಿಕ ಆವರಣಗಳನ್ನು ಘೋಷಿಸಲು ಈ ಅಧಿನಿಯಮದಲ್ಲಿ ಅವಕಾಶವಿದೆ. ಮಹಾಯೋಜನೆ ಸಿದ್ಧಪಡಿಸುವ ವೇಳೆ ಇಂತಹ ನೆಲೆಗಳು ಸೇರ್ಪಡೆಯಾಗಬೇಕಾದರೆ ಗಡಿ ಸಹಿತವಾದ ದಾಖಲೆ ಸಿದ್ಧವಿರಬೇಕು.

ಶ್ರೀರಂಗಪಟ್ಟಣ ದ್ವೀಪ ಪಟ್ಟಣದ ಸ್ಮಾರಕಗಳು 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಈ ಸೇರ್ಪಡೆಯೊಂದರಿಂದಲೇ ಖಾಸಗಿ ಸ್ವತ್ತುಗಳ ಮೇಲೆ ಹೊಸ ನಿರ್ಬಂಧ ಉಂಟಾಗುವುದಿಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸಬಹುದು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಅಂತರವನ್ನು ಸ್ಮಾರಕದ ಗೋಡೆಯಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ ಅಳೆಯತಕ್ಕದ್ದು. ನಿವೇಶನ ಖರೀದಿಗೆ ಮೊದಲೇ ಇದನ್ನು ಖಚಿತಪಡಿಸಿಕೊಳ್ಳುವುದು ಕ್ಷೇಮ.

2. ನಿಷೇಧಿತ ಪ್ರದೇಶದಲ್ಲಿ ಖಾಸಗಿಯವರು ಹೊಸ ಕಟ್ಟಡ ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡಗಳ ದುರಸ್ತಿ ಮತ್ತು ನವೀಕರಣಕ್ಕೆ ಅನುಮತಿ ಕೋರಬಹುದು. ಆದುದರಿಂದ ಹಳೆಯ ಕಂದಾಯ ರಸೀದಿ, ಖಾತೆ ನಕಲು, ಕ್ರಯಪತ್ರ ಮುಂತಾದ ದಾಖಲೆಗಳನ್ನು ಜೋಪಾನವಾಗಿ ಇರಿಸಿಕೊಳ್ಳಬೇಕು.

3. ನಿಯಂತ್ರಿತ ಪ್ರದೇಶದಲ್ಲಿ ನಿರ್ಮಾಣ, ಪುನರ್ ನಿರ್ಮಾಣ, ದುರಸ್ತಿ ಯಾವುದೇ ಇರಲಿ, ಪೂರ್ವಾನುಮತಿ ಪಡೆಯಬೇಕು. ಸಕ್ಷಮ ಪ್ರಾಧಿಕಾರಿಯು ಅರ್ಜಿಯನ್ನು ರಾಷ್ಟ್ರೀಯ ಸ್ಮಾರಕಗಳ ಪ್ರಾಧಿಕಾರದ ಅಭಿಪ್ರಾಯಕ್ಕೆ ಕಳುಹಿಸಿ ನಂತರ ಆದೇಶ ನೀಡುತ್ತಾರೆ.

4. ಸ್ಥಳೀಯ ಸಂಸ್ಥೆಯ ಕಟ್ಟಡ ಪರವಾನಗಿಯು ಮೇಲ್ಕಂಡ ಅನುಮತಿಗೆ ಬದಲಿಯಲ್ಲ. ಎರಡನ್ನೂ ಪ್ರತ್ಯೇಕವಾಗಿ ಪಡೆಯಬೇಕು.

5. ಅಡಿಪಾಯ ತೋಡುವಾಗ ಶಾಸನ, ವಿಗ್ರಹ, ನಾಣ್ಯ ಅಥವಾ ಹಳೆಯ ಕಟ್ಟಡದ ಅವಶೇಷ ಕಂಡುಬಂದಲ್ಲಿ ಕೆಲಸ ನಿಲ್ಲಿಸಿ, ವಸ್ತುವನ್ನು ಕದಲಿಸದೆ, ತಾಲ್ಲೂಕು ಆಡಳಿತಕ್ಕೆ ತಿಳಿಸಬೇಕು. ದೊರೆತ ಸ್ಥಳದ ಮಾಹಿತಿ ಇಲ್ಲದ ವಸ್ತುವು ಅರ್ಧ ಇತಿಹಾಸವನ್ನು ಕಳೆದುಕೊಳ್ಳುತ್ತದೆ.

ಸಾರ್ವಜನಿಕರ ಪಾತ್ರ

ಮಹಾಯೋಜನೆಯ ಕರಡು ಪ್ರಕಟವಾದಾಗ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಮತ್ತು ಸಲಹೆಗಳನ್ನು ಲಿಖಿತವಾಗಿ ಸಲ್ಲಿಸಲು ಪ್ರತಿಯೊಬ್ಬ ನಾಗರಿಕರಿಗೂ ಹಕ್ಕಿದೆ. ಬಿಟ್ಟುಹೋದ ಕಲ್ಯಾಣಿ, ಮುಚ್ಚಿಹೋಗುತ್ತಿರುವ ಕಾಲುವೆ, ಒತ್ತುವರಿಯಾದ ದಾರಿ ಇವುಗಳ ಬಗ್ಗೆ ಸರ್ವೆ ನಂಬರ್, ಛಾಯಾಚಿತ್ರ ಹಾಗೂ ಸ್ಥಳದ ಹೆಸರಿನೊಡನೆ ಬರೆದರೆ ಪರಿಶೀಲನೆ ಸುಲಭವಾಗುತ್ತದೆ. ಗಡಿ ತಪ್ಪಾಗಿ ಗುರುತಿಸಿ ತಮ್ಮ ಸ್ವತ್ತು ಸೇರಿಹೋಗಿದ್ದಲ್ಲಿ ಅದನ್ನೂ ಇದೇ ಹಂತದಲ್ಲಿ ತಿಳಿಸಬೇಕು. ದಾಖಲೆಗಳ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಕೋರಬಹುದು. ಮನೆಯಲ್ಲಿರುವ ಹಳೆಯ ಛಾಯಾಚಿತ್ರಗಳು, ಜಮೀನಿನ ಕಾಗದಗಳು ಮತ್ತು ಹಿರಿಯರ ನೆನಪುಗಳು ಸಹ ಅಮೂಲ್ಯವಾದ ಆಧಾರಗಳೆಂಬುದನ್ನು ಮರೆಯಬಾರದು.

ಕೋಟೆ ಕಟ್ಟಿದವರು, ನಾಲೆ ತೋಡಿದವರು, ತೋಟ ಬೆಳೆಸಿದವರು ಇಂದು ಇಲ್ಲ. ಅವರು ರೂಪಿಸಿದ ನೆಲದ ಮೇಲೆ ಇಂದಿನವರ ಬದುಕು ಸಾಗಿದೆ. ಈ ಬದುಕಿಗೂ ಆ ಪರಂಪರೆಗೂ ವಿರೋಧ ಬಾರದಂತೆ ನೋಡಿಕೊಳ್ಳಲು ಮೊದಲ ಹೆಜ್ಜೆ ಇರುವುದನ್ನು ಇರುವಂತೆ ಬರೆದಿಡುವುದು. ಈ ಕಾರ್ಯದಲ್ಲಿ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.