ಹೆಸರು ಓಡುವುದಿಲ್ಲ, ಕುದುರೆ ಓಡುತ್ತದೆ

1992ರ ಏಪ್ರಿಲ್ 4, ಶನಿವಾರ. ಬ್ರಿಟನ್ನಿನ ಸಾರ್ವತ್ರಿಕ ಚುನಾವಣೆಗೆ ಇನ್ನು ಐದೇ ದಿನ. ಪತ್ರಿಕೆ, ರೇಡಿಯೊ, ಟಿ.ವಿ. ಎಲ್ಲಿ ನೋಡಿದರೂ ರಾಜಕೀಯ ಪಕ್ಷಗಳದ್ದೇ ಮಾತು. ಅಂದು ಲಿವರ್‌ಪೂಲ್ ಬಳಿಯ ಏಂಟ್ರಿ ಮೈದಾನದಲ್ಲಿ ಪ್ರಸಿದ್ಧ 'ಗ್ರ್ಯಾಂಡ್ ನ್ಯಾಷನಲ್' ಕುದುರೆ ಪಂದ್ಯ. ಸುಮಾರು ಏಳು ಕಿಲೋಮೀಟರ್ ದೂರ, ದಾರಿಯಲ್ಲಿ 30 ಬೇಲಿಗಳನ್ನು ಹಾರಬೇಕು. ಕಣದಲ್ಲಿ 40 ಕುದುರೆಗಳು. ಅವುಗಳಲ್ಲಿ ಒಂದರ ಹೆಸರು 'ಪಾರ್ಟಿ ಪಾಲಿಟಿಕ್ಸ್', ಅಂದರೆ ಪಕ್ಷ ರಾಜಕಾರಣ!

ವರ್ಷವಿಡೀ ಕುದುರೆಯ ಸುದ್ದಿಗೇ ಹೋಗದವರೂ ಹೆಸರು ನೋಡಿ ನಾಲ್ಕು ಕಾಸು ಕಟ್ಟುವ ಪಂದ್ಯ ಅದು. ಚುನಾವಣೆಯ ವಾರದಲ್ಲಿ ಇಂಥ ಹೆಸರು ಎದುರಿಗೆ ಬಂದರೆ ಕೇಳಬೇಕೆ? ಪಾರ್ಟಿ ಪಾಲಿಟಿಕ್ಸ್ ಗೆದ್ದೇಬಿಟ್ಟಿತು. ಒಂದು ಪೌಂಡ್ ಕಟ್ಟಿದವರಿಗೆ ಹದಿನಾಲ್ಕು ಪೌಂಡ್ ಲಾಭ!

ಇಂಥ ಇನ್ನೊಂದು ಕಥೆಯೂ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ 'ಡರ್ಬಿ' ಪಂದ್ಯ ತನ್ನ ಮೂಲ ಸ್ಥಳವಾದ ಎಪ್ಸಮ್ ಮೈದಾನಕ್ಕೆ ಮರಳಿತು. ಓಡಿದ ಕುದುರೆಗಳಲ್ಲಿ ಒಂದು 'ಏರ್‌ಬೋರ್ನ್'. ಯುದ್ಧದಲ್ಲಿ ವಿಮಾನದಿಂದ ಧುಮುಕಿ ಹೋರಾಡಿದ ಸೇನಾ ತುಕಡಿಗಳಿಗೂ ಇದೇ ಹೆಸರು. ಬಲ್ಲವರು ಆ ಕುದುರೆಯ ಮೇಲೆ ಭರವಸೆ ಇಟ್ಟಿರಲಿಲ್ಲ. ಅದು ಗೆದ್ದಾಗ ಒಂದಕ್ಕೆ ಐವತ್ತು ಸಿಕ್ಕಿತು.

ಇವೆರಡನ್ನೂ ಕೇಳಿದ ಯಾರಿಗಾದರೂ ಹೆಸರಿನಲ್ಲಿ ಏನೋ ಇರಬೇಕು ಅನ್ನಿಸುವುದು ಸಹಜ. ಹಾಗೆ ಅನ್ನಿಸುವುದೇಕೆ, ಆ ಅನ್ನಿಸಿಕೆಯನ್ನು ನಂಬಿ ಹಣ ಕಟ್ಟಿದರೆ ಏನಾಗುತ್ತದೆ? ಇದು ಕುದುರೆ ಜೂಜಿಗಷ್ಟೇ ಸೇರಿದ ಪ್ರಶ್ನೆಯಲ್ಲ. ಅದೃಷ್ಟದ ಪೆನ್ನು ಮರೆತು ಪರೀಕ್ಷೆಗೆ ಬಂದು ಕಂಗಾಲಾಗುವ ವಿದ್ಯಾರ್ಥಿಗೂ, ಪ್ರವೇಶಪತ್ರದ ಅಂಕಿಗಳನ್ನು ಕೂಡಿಸಿ ನೋಡುವ ತಂದೆತಾಯಿಗಳಿಗೂ ಸೇರಿದ್ದು.

ಹೆಸರು ಹುಟ್ಟುವ ಬಗೆ

ಮೊದಲು ಕುದುರೆಗೆ ಹೆಸರು ಹೇಗೆ ಬರುತ್ತದೆ ಎಂದು ನೋಡೋಣ. ಮಾಲೀಕರು ತಮಗೆ ತೋಚಿದ ಹೆಸರನ್ನು ನೋಂದಣಿ ಸಂಸ್ಥೆಗೆ ಕಳುಹಿಸುತ್ತಾರೆ. ಬ್ರಿಟನ್, ಅಮೆರಿಕಗಳಲ್ಲಿ ಆ ಹೆಸರು, ನಡುವಿನ ಖಾಲಿ ಜಾಗವೂ ಸೇರಿ, 18 ಅಕ್ಷರಗಳನ್ನು ಮೀರಬಾರದೆಂಬ ನಿಯಮವಿದೆ. ಎಷ್ಟೋ ಸಲ ತಂದೆ ಕುದುರೆ, ತಾಯಿ ಕುದುರೆಗಳ ಹೆಸರಿನ ತುಣುಕುಗಳನ್ನು ಜೋಡಿಸಿ ಮರಿಗೆ ಇಡುವುದುಂಟು.

ಗ್ರ್ಯಾಂಡ್ ನ್ಯಾಷನಲ್ ಪಂದ್ಯವನ್ನು ಮೂರು ಬಾರಿ (1973, 1974 ಮತ್ತು 1977) ಗೆದ್ದ ಏಕೈಕ ಕುದುರೆ 'ರೆಡ್ ರಮ್'. ಅದರ ತಾಯಿ 'ಮೇರೆಡ್', ತಂದೆ 'ಕ್ವೋರಮ್'. ಇಬ್ಬರ ಹೆಸರಿನ ಕೊನೆಯ ಮೂರು ಮೂರು ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿದರೆ ರೆಡ್ ರಮ್. ಇಷ್ಟೇ ಅದರ ಗುಟ್ಟು. ಆದರೆ ಈ ಹೆಸರನ್ನು ಇಂಗ್ಲಿಷಿನಲ್ಲಿ ಹಿಂದುಮುಂದಾಗಿ ಓದಿದರೆ 'ಮರ್ಡರ್', ಅಂದರೆ ಕೊಲೆ! ಶಕುನ ನೋಡುವವರು ಇಂಥ ಕುದುರೆಯ ಹತ್ತಿರವೂ ಸುಳಿಯಬಾರದಿತ್ತು. ಕುದುರೆಗೆ ಮಾತ್ರ ಈ ಅಪಶಕುನ ತಿಳಿದಿರಲಿಲ್ಲ. ಅದು ಮೂರು ಬಾರಿ ಗೆದ್ದದ್ದಲ್ಲದೆ, 1975 ಮತ್ತು 1976ರಲ್ಲಿ ಎರಡನೆಯ ಸ್ಥಾನವನ್ನೂ ಪಡೆಯಿತು.

ಪಾರ್ಟಿ ಪಾಲಿಟಿಕ್ಸ್ ಗೆಲ್ಲಲು ಕಾರಣ ಚುನಾವಣೆಯಲ್ಲ. ಅದು ಅಸಾಧಾರಣ ಎತ್ತರದ ಕುದುರೆ. ಭುಜದ ಬಳಿ ಅಳೆದರೆ ಸುಮಾರು ಆರಡಿ ಇತ್ತು. ದೂರದ ಓಟಕ್ಕೂ ದೊಡ್ಡ ಬೇಲಿಗಳಿಗೂ ಹೇಳಿ ಮಾಡಿಸಿದ ದೇಹ. 1995ರಲ್ಲಿ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ ಇರಲೇ ಇಲ್ಲ. ಆಗಲೂ ಅದು ಅದೇ ಪಂದ್ಯದಲ್ಲಿ ಎರಡನೆಯದಾಗಿ ಬಂದಿತು. ಏರ್‌ಬೋರ್ನ್ ಕೂಡ ಅದೇ ವರ್ಷ 'ಸೇಂಟ್ ಲೆಜರ್' ಎಂಬ ಮತ್ತೊಂದು ದೊಡ್ಡ ಪಂದ್ಯವನ್ನು ಗೆದ್ದಿತು. ಗೆದ್ದದ್ದು ಶ್ವಾಸಕೋಶ, ಹೃದಯ, ಸ್ನಾಯು ಮತ್ತು ತರಬೇತಿ. ಹೆಸರಲ್ಲ.

ಯಾವುದು ಗೆದ್ದರೂ ಕಥೆ ಸಿದ್ಧ

ಈಗ 1953ಕ್ಕೆ ಬನ್ನಿ. ಜೂನ್ 2ರಂದು ರಾಣಿ ಎರಡನೇ ಎಲಿಜಬೆತ್ ಅವರ ಪಟ್ಟಾಭಿಷೇಕ. ನಾಲ್ಕೇ ದಿನಗಳ ನಂತರ ಡರ್ಬಿ. ಕಣದಲ್ಲಿ ರಾಣಿಯವರದೇ ಕುದುರೆ, ಹೆಸರು 'ಓರಿಯೋಲ್', ಅಂದರೆ ತಲೆಯ ಸುತ್ತಲಿನ ಪ್ರಭಾವಳಿ! ತಲೆಯ ಮೇಲೆ ಕಿರೀಟ ಏರಿದ ವಾರದಲ್ಲೇ ಪ್ರಭಾವಳಿ ಓಡುತ್ತಿದೆ. ಇದಕ್ಕಿಂತ ಒಳ್ಳೆಯ ಶಕುನ ಬೇಕೆ?

ಓರಿಯೋಲ್ ಎರಡನೆಯದಾಗಿ ಬಂದಿತು. ಗೆದ್ದದ್ದು 'ಪಿಂಜಾ'. ಎಜಿಯೊ ಪಿಂಜಾ ಎಂಬ ಗಾಯಕನ ಹೆಸರು ಅದು. ಪಟ್ಟಾಭಿಷೇಕಕ್ಕೂ ಆ ಹೆಸರಿಗೂ ಯಾವ ನಂಟೂ ಇಲ್ಲ.

ಇಲ್ಲಿಗೆ ಶಕುನದ ಕಥೆ ಮುಗಿಯಿತು ಎನ್ನುತ್ತೀರಾ? ಇಲ್ಲ. ಪಿಂಜಾದ ಸವಾರ ಗಾರ್ಡನ್ ರಿಚರ್ಡ್ಸ್. 27 ಬಾರಿ ಡರ್ಬಿಯಲ್ಲಿ ಓಡಿಸಿಯೂ ಒಮ್ಮೆಯೂ ಗೆಲ್ಲದವರು. ಪಟ್ಟಾಭಿಷೇಕದ ಗೌರವ ಪಟ್ಟಿಯಲ್ಲಿ ಅವರಿಗೆ 'ಸರ್' ಪದವಿ ಘೋಷಣೆಯಾಗಿತ್ತು. ಅದೇ ವಾರ ಮೊದಲ ಗೆಲುವು! ಈಗ ಕಥೆ ಹೀಗೆ ತಿರುಗುತ್ತದೆ: 'ಪದವಿ ಬಂದಾಗಲೇ ಗೊತ್ತಾಗಬೇಕಿತ್ತು, ಈ ಸಲ ಅವರದೇ ಪಂದ್ಯ ಎಂದು.' ಓರಿಯೋಲ್ ಗೆದ್ದಿದ್ದರೆ ಒಂದು ಶಕುನ, ಪಿಂಜಾ ಗೆದ್ದರೆ ಇನ್ನೊಂದು ಶಕುನ. ಯಾವ ಫಲಿತಾಂಶಕ್ಕೂ ಹೊಂದಿಕೊಳ್ಳುವ ಸೂಚನೆ ಸೂಚನೆಯೇ ಅಲ್ಲ. ವಿಜ್ಞಾನದಲ್ಲಿ ಯಾವ ಹೇಳಿಕೆಗಾದರೂ ತಪ್ಪಾಗುವ ಅವಕಾಶ ಇರಬೇಕು. ಆಗ ಮಾತ್ರ ಅದು ಸರಿಯಾದಾಗ ಬೆಲೆ.

ಲೆಕ್ಕ ಏನು ಹೇಳುತ್ತದೆ?

ಕಾಗೆ ಬಂದು ತಾಳೆಮರದ ಮೇಲೆ ಕೂತ ಕ್ಷಣದಲ್ಲೇ ಹಣ್ಣು ಬಿತ್ತಂತೆ. ನಮ್ಮ ಹಿರಿಯರು ಇದನ್ನು 'ಕಾಕತಾಳೀಯ' ಎಂದರು. ಕಾಗೆ ಕೂತದ್ದೂ ನಿಜ, ಹಣ್ಣು ಬಿದ್ದದ್ದೂ ನಿಜ, ಒಂದರಿಂದ ಇನ್ನೊಂದಾಯಿತು ಎನ್ನುವುದು ಮಾತ್ರ ನಿಜವಲ್ಲ. ಇಂಥ ಕಾಕತಾಳೀಯಗಳು ಅಪರೂಪ ಎಂದು ನಾವು ತಿಳಿಯುತ್ತೇವೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ.

ನಿಮ್ಮ ಬದುಕಿನಲ್ಲಿ ಎಷ್ಟು ಹೆಸರುಗಳಿವೆ ನೋಡಿ. ಮಕ್ಕಳು, ಅಜ್ಜಿ, ಊರು, ಬೀದಿ, ಉದ್ಯೋಗ, ನಿನ್ನೆ ನೋಡಿದ ಸಿನಿಮಾ, ಬೆಳಿಗ್ಗೆ ಕೇಳಿದ ಹಾಡು. ಒಂದು ಕುದುರೆಯ ಹೆಸರು ಇವುಗಳಲ್ಲಿ ಯಾವುದಕ್ಕಾದರೂ ತಾಳೆಯಾಗುವ ಸಾಧ್ಯತೆ 20ರಲ್ಲಿ 1 ಎಂದು ಇಟ್ಟುಕೊಳ್ಳೋಣ. ತಾಳೆಯಾಗದಿರುವ ಸಾಧ್ಯತೆ 20ರಲ್ಲಿ 19, ಅಂದರೆ 0.95. ನಲವತ್ತು ಕುದುರೆಗಳಲ್ಲಿ ಒಂದೂ ತಾಳೆಯಾಗದಿರಬೇಕಾದರೆ 0.95ನ್ನು ನಲವತ್ತು ಸಲ ಗುಣಿಸಬೇಕು. ಉತ್ತರ ಸುಮಾರು 0.13. ಅಂದರೆ ನೂರರಲ್ಲಿ 87 ಮಂದಿಗೆ ಒಂದಾದರೂ 'ಸೂಚನೆ' ಸಿಕ್ಕೇ ಸಿಗುತ್ತದೆ! ಪ್ರತಿ ಪಂದ್ಯಕ್ಕೆ ಹತ್ತರಂತೆ ದಿನಕ್ಕೆ ಆರು ಪಂದ್ಯಗಳಿದ್ದರೆ ಒಟ್ಟು ಅರವತ್ತು ಹೆಸರುಗಳು. ಆಗ 95 ಮಂದಿಗೆ ಸಿಗುತ್ತದೆ. ಸೂಚನೆ ಸಿಗುವುದು ಆಶ್ಚರ್ಯವಲ್ಲ, ಸಿಗದಿರುವುದೇ ಆಶ್ಚರ್ಯ.

ಇನ್ನು ಹೀಗೆ ಸೂಚನೆ ಸಿಕ್ಕ 40,000 ಮಂದಿ ನಲವತ್ತು ಕುದುರೆಗಳ ಮೇಲೆ ಸಮವಾಗಿ ಹಂಚಿಕೊಂಡು ಹಣ ಕಟ್ಟಿದರು ಎನ್ನೋಣ. ಒಂದು ಕುದುರೆ ಗೆಲ್ಲಲೇಬೇಕು. ಹಾಗಾಗಿ 1,000 ಮಂದಿ ಗೆಲ್ಲಲೇಬೇಕು. ಆ ಸಾವಿರ ಮಂದಿ ಮನೆಗೆ ಹೋಗಿ ನೆಂಟರಿಷ್ಟರಿಗೆಲ್ಲ ಕಥೆ ಹೇಳುತ್ತಾರೆ. ಉಳಿದ 39,000 ಮಂದಿ ಬಾಯಿ ಮುಚ್ಚಿಕೊಂಡು ಮಲಗುತ್ತಾರೆ. ನಮ್ಮ ಕಿವಿಗೆ ಬೀಳುವುದು ಸಾವಿರದ ಕಥೆ ಮಾತ್ರ.

ಇಂಗ್ಲೆಂಡಿನ ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್ 1620ರಲ್ಲೇ ತನ್ನ ಗ್ರಂಥದಲ್ಲಿ ಇದಕ್ಕೊಂದು ಹಳೆಯ ದೃಷ್ಟಾಂತ ಕೊಟ್ಟಿದ್ದಾನೆ. ಹರಕೆ ಹೊತ್ತು ಹಡಗು ದುರಂತದಿಂದ ಪಾರಾದವರ ಚಿತ್ರಗಳನ್ನು ಒಬ್ಬನಿಗೆ ತೋರಿಸಿದರಂತೆ. ಹರಕೆ ಹೊತ್ತೂ ಮುಳುಗಿಹೋದವರ ಚಿತ್ರಗಳು ಎಲ್ಲಿವೆ ಎಂದು ಅವನು ಕೇಳಿದನಂತೆ. ಸೋತ ಶಕುನಗಳ ಪಟ್ಟಿಯನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ.

ಎಲ್ಲರಿಗೂ ಕಾಣುವ ಸೂಚನೆಯ ಬೆಲೆ

'ಹೇಗೂ ಯಾವುದೋ ಒಂದು ಕುದುರೆ ಆರಿಸಬೇಕು. ಹೆಸರು ನೋಡಿ ಆರಿಸಿದರೆ ನಷ್ಟವೇನು?' ಎಂದು ಜಾಣರು ಕೇಳಬಹುದು. ನಷ್ಟವಿದೆ. 'ಟೋಟ್' ಪದ್ಧತಿಯಲ್ಲಿ ಎಲ್ಲರೂ ಕಟ್ಟಿದ ಹಣವನ್ನು ಒಟ್ಟುಗೂಡಿಸಿ, ಸಂಘಟಕರ ಪಾಲು ಮತ್ತು ತೆರಿಗೆ ಕಳೆದು, ಉಳಿದುದನ್ನು ಗೆದ್ದವರಿಗೆ ಹಂಚುತ್ತಾರೆ. ಹತ್ತು ಸಮಬಲದ ಕುದುರೆಗಳು, ಒಟ್ಟು 10,000 ರೂಪಾಯಿ, ಕಡಿತ ನೂರಕ್ಕೆ ಇಪ್ಪತ್ತು ಎಂದು ಊಹಿಸಿಕೊಳ್ಳಿ. ಹಂಚಲು ಉಳಿಯುವುದು 8,000.

ಪ್ರತಿ ಕುದುರೆಯ ಮೇಲೂ 1,000 ರೂಪಾಯಿ ಬಿದ್ದಿದ್ದರೆ, ಗೆದ್ದವನಿಗೆ ರೂಪಾಯಿಗೆ ಎಂಟು ಸಿಗುತ್ತದೆ. ಹತ್ತು ಪಂದ್ಯಗಳಲ್ಲಿ ತಲಾ ಒಂದು ರೂಪಾಯಿ ಕಟ್ಟಿದರೆ ಸರಾಸರಿ ಒಮ್ಮೆ ಗೆಲುವು. ಹೋದದ್ದು ಹತ್ತು, ಬಂದದ್ದು ಎಂಟು. ಹೆಸರು ನೋಡದೆ ಆಡಿದರೂ ಇಷ್ಟು ನಷ್ಟ.

ಈಗ ಅವುಗಳಲ್ಲಿ ಒಂದರ ಹೆಸರು ಅಂದಿನ ದೊಡ್ಡ ಸುದ್ದಿಗೆ ತಾಳೆಯಾಯಿತು, ಜನ ಮುಗಿಬಿದ್ದು ಅದರ ಮೇಲೆ 4,000 ರೂಪಾಯಿ ಕಟ್ಟಿದರು ಎನ್ನಿ. ಅದು ಗೆದ್ದರೆ 8,000ವನ್ನು 4,000ಕ್ಕೆ ಹಂಚಬೇಕು. ರೂಪಾಯಿಗೆ ಎರಡೇ! ಕುದುರೆ ಗೆಲ್ಲುವ ಸಾಧ್ಯತೆ ಮೊದಲಿದ್ದಷ್ಟೇ ಇದೆ, ಗೆದ್ದಾಗ ಕೈಗೆ ಬರುವುದು ಮಾತ್ರ ಕಾಲುಭಾಗ. ಬುಕ್ಕಿಗಳ ಬಳಿ ಕಟ್ಟಿದರೂ ಇದೇ ಕಥೆ. ಹಣ ಹರಿದುಬಂದಂತೆ ಅವರು ಆ ಕುದುರೆಯ ದರ ಇಳಿಸುತ್ತಾರೆ. ನಿಮಗೆ ಕಂಡ ಸೂಚನೆ ಊರಿಗೆಲ್ಲ ಕಂಡಿರುತ್ತದೆ ಎಂಬುದನ್ನು ಮರೆತವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ಮಗಳ ಹೆಸರಿನಂಥ ಖಾಸಗಿ ಸೂಚನೆಯಾದರೆ ಇಷ್ಟು ನಷ್ಟವಿಲ್ಲ ನಿಜ. ಆದರೂ ಹತ್ತು ಕೊಟ್ಟು ಎಂಟು ಪಡೆಯುವ ವ್ಯಾಪಾರ ಅದು.

ಪಾರಿವಾಳದ ಪಾಠ

ಹಾಗಿದ್ದರೂ ಜನ ಬಿಡುವುದಿಲ್ಲವೇಕೆ? ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1948ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಹಸಿದ ಪಾರಿವಾಳಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, ನಿಗದಿತ ಅವಧಿಗೊಮ್ಮೆ ಕಾಳು ಬೀಳುವ ಏರ್ಪಾಡು. ಕೆಲವೇ ದಿನಗಳಲ್ಲಿ ಒಂದು ಹಕ್ಕಿ ಗೂಡಿನಲ್ಲಿ ಸುತ್ತು ಹಾಕತೊಡಗಿತು, ಇನ್ನೊಂದು ಮೂಲೆಯೊಂದಕ್ಕೆ ತಲೆ ಚಾಚತೊಡಗಿತು. ಕಾಳು ಬಿದ್ದಾಗ ತಾವು ಮಾಡುತ್ತಿದ್ದ ಕೆಲಸಕ್ಕೆ ಹೆಚ್ಚಿನ ಹಕ್ಕಿಗಳು ಅಂಟಿಕೊಂಡಿದ್ದವು. ಬಹುಮಾನ ಯಾವಾಗ ಬರುತ್ತದೆಂದು ತಿಳಿಯದಂತೆ ಆಗೊಮ್ಮೆ ಈಗೊಮ್ಮೆ ಬಂದರೆ ಅಭ್ಯಾಸ ಇನ್ನೂ ಗಟ್ಟಿಯಾಗುತ್ತದೆ, ಬಿಡಿಸುವುದು ಬಲು ಕಷ್ಟ ಎಂಬುದು ಮುಂದಿನ ಪ್ರಯೋಗಗಳಿಂದ ತಿಳಿಯಿತು.

ಜೂಜಿನಲ್ಲಿ ಬಹುಮಾನ ಬರುವುದು ಹೀಗೆಯೇ. ಆದ್ದರಿಂದಲೇ ಹೆಸರು ನೋಡಿ ಕಟ್ಟಿದ ಮೊದಲ ಹಣ ಗೆದ್ದುಬಿಟ್ಟರೆ ಅದು ಅದೃಷ್ಟವಲ್ಲ, ಅಪಾಯ. 'ನನಗೆ ಸೂಚನೆ ಸಿಗುತ್ತದೆ' ಎಂಬ ಭ್ರಮೆ ಅಂದೇ ಬೇರೂರುತ್ತದೆ. ಸೋತಾಗ ಸೂಚನೆಯ ಮೇಲಿನ ನಂಬಿಕೆ ಹೋಗುವುದಿಲ್ಲ, 'ನಾನೇ ತಪ್ಪು ಓದಿದೆ' ಎಂದು ಇನ್ನೊಂದು ಸೂಚನೆ ಹುಡುಕುತ್ತಾನೆ. ಸಂಬಳ, ಒಡವೆ, ಮಕ್ಕಳ ಶುಲ್ಕದ ಹಣ ಒಂದೊಂದಾಗಿ ಕರಗುವುದು ಹೀಗೆಯೇ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಜೂಜಿನ ವ್ಯಸನವೂ ಸೇರಿದೆ. ಅದು ಚಿಕಿತ್ಸೆ ಬೇಕಾದ ಸ್ಥಿತಿ. ಮನೆಯಲ್ಲಿ ಯಾರಿಗಾದರೂ ಈ ಚಟ ಅಂಟಿದ್ದರೆ ಬೈದು ಪ್ರಯೋಜನವಿಲ್ಲ, ಮನೋವೈದ್ಯರ ಬಳಿ ಕರೆದೊಯ್ಯಬೇಕು.

ಬೆಂಗಳೂರು, ಮೈಸೂರುಗಳಲ್ಲೂ ರೇಸು ಹಳೆಯದು. ಕುದುರೆ ರೇಸು ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ತಮಿಳುನಾಡಿನ ಮೊಕದ್ದಮೆಯೊಂದರಲ್ಲಿ 1996ರಲ್ಲಿ ತೀರ್ಪಿತ್ತಿತು. ಕುದುರೆಯ ತಳಿ, ತರಬೇತಿ, ಸವಾರನ ನೈಪುಣ್ಯ ಇವನ್ನೆಲ್ಲ ಅರಿತು ಅಂದಾಜು ಮಾಡಬೇಕು ಎಂಬುದು ಅದರ ತಿರುಳು. ಮಗಳ ಹೆಸರು ತಾಳೆಯಾಯಿತೆಂದು ಹಣ ಕಟ್ಟುವವನು ಈ ಕೌಶಲದಲ್ಲಿ ಯಾವುದನ್ನು ಬಳಸಿದ? ಅವನ ಪಾಲಿಗೆ ಅದು ಬರಿಯ ಜೂಜೇ.

ಕಾಸಿಲ್ಲದ ಪ್ರಯೋಗ

ಇದನ್ನು ಮಕ್ಕಳಿಗೆ ಉಪದೇಶದಿಂದ ತಿಳಿಸುವುದಕ್ಕಿಂತ ಮಾಡಿ ತೋರಿಸುವುದು ಮೇಲು. ಬೇಕಾದದ್ದು ಒಂದು ದಾಳ, ಪೆನ್ಸಿಲ್, ಕಾಗದ. ಹಣದ ಮಾತೇ ಬೇಡ. ದಾಳದ ಆರು ಸಂಖ್ಯೆಗಳಿಗೆ ಆರು ಕುದುರೆಗಳ ಹೆಸರಿಡಿ. ದಾಳ ಉರುಳಿಸುವ ಮುನ್ನ ಪ್ರತಿಯೊಬ್ಬರೂ ತಮಗೆ ಇಷ್ಟವಾದ 'ಶಕುನ' ನೋಡಿ ಒಂದು ಹೆಸರನ್ನು ಬರೆದಿಡಬೇಕು. ಮೊದಲೇ ಬರೆದಿಡಬೇಕು ಎಂಬುದೇ ಇಡೀ ಪ್ರಯೋಗದ ಜೀವಾಳ. ಹೀಗೆ ಮೂವತ್ತು ಸುತ್ತು ಆಡಿ.

ಸರಾಸರಿ ಒಬ್ಬೊಬ್ಬರಿಗೆ ಐದು ಸರಿ ಬರುತ್ತವೆ. ನಲವತ್ತು ಮಕ್ಕಳ ತರಗತಿಯಲ್ಲಿ ಆಡಿದರೆ ಒಬ್ಬಿಬ್ಬರಿಗೆ ಒಂಬತ್ತು ಅಥವಾ ಹೆಚ್ಚು ಸರಿ ಬರುವ ಸಂಭವವಿದೆ. ಅವರಿಗೆ ಮುಖವೆಲ್ಲ ನಗು. 'ನನ್ನ ಶಕುನ ನಿಜ' ಎನ್ನುತ್ತಾರೆ. ಆಗ ಅವರಿಬ್ಬರನ್ನೇ ಕೂರಿಸಿ ಮತ್ತೆ ಮೂವತ್ತು ಸುತ್ತು ಆಡಿಸಿ. ಬಹುಮಟ್ಟಿಗೆ ಅವರೂ ಐದರ ಆಸುಪಾಸಿಗೆ ಇಳಿಯುತ್ತಾರೆ. ಆ ಕ್ಷಣದಲ್ಲಿ ಮಗುವಿಗೆ ತಿಳಿಯುವುದನ್ನು ಹತ್ತು ಭಾಷಣಗಳು ತಿಳಿಸಲಾರವು.

ಅದೃಷ್ಟದ ಪೆನ್ನಿಗೂ ಇದೇ ಪರೀಕ್ಷೆ ಸಾಕು. ಆ ಪೆನ್ನಿನಿಂದ ಬರೆದೂ ಅಂಕ ಕಡಿಮೆ ಬಂದ ದಿನಗಳನ್ನು, ಬೇರೆ ಪೆನ್ನಿನಿಂದ ಬರೆದು ಚೆನ್ನಾಗಿ ಅಂಕ ಬಂದ ದಿನಗಳನ್ನು ಒಂದು ವರ್ಷ ತಪ್ಪದೆ ಬರೆದಿಡಿ. ಪೆನ್ನಿನ ಮಹಿಮೆ ಕರಗಿ, ಓದಿದ ಗಂಟೆಗಳ ಮಹಿಮೆ ಮೇಲೆ ಬರುತ್ತದೆ. ಹೆಸರು ಹೊಂದಿಕೊಂಡಾಗ ಮುಗುಳ್ನಕ್ಕು ಸಂತೋಷಪಡಿ, ಅದರಲ್ಲಿ ತಪ್ಪಿಲ್ಲ. ಆ ಸಂತೋಷಕ್ಕೆ ಕಿಸೆಯ ಹಣವನ್ನೂ ಮನೆಯ ನೆಮ್ಮದಿಯನ್ನೂ ಪಣವಾಗಿ ಇಡಬೇಡಿ. ಕುದುರೆಗೆ ತನ್ನ ಹೆಸರನ್ನು ಓದಲು ಬರುವುದಿಲ್ಲ.